ಒಂದೇ ಡ್ರಾಕುಲಾಗೆ ಎರಡು ಡಿಸ್ಕ್ ಯಾಕೆ?

ನನ್ನ ಕಪಾಟಿನಲ್ಲಿ 1958ರ ಡ್ರಾಕುಲಾ ಎರಡು ಇದೆ. ಒಂದು 2013ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಬ್ಲೂ-ರೇ, ಇನ್ನೊಂದು 2018ರ ಕೊನೆಗೆ ಅಮೆರಿಕದಲ್ಲಿ ಬಂದದ್ದು. ಎರಡರಲ್ಲೂ ಡ್ರಾಕುಲಾ ಆಗಿ ಅದೇ ಕ್ರಿಸ್ಟೋಫರ್ ಲೀ, ಅವನನ್ನು ಬೇಟೆಯಾಡುವ ವ್ಯಾನ್ ಹೆಲ್ಸಿಂಗ್ ಆಗಿ ಅದೇ ಪೀಟರ್ ಕುಶಿಂಗ್, ಅದೇ ಹ್ಯಾಮರ್ ಕಂಪನಿ, ಅದೇ ನಿರ್ದೇಶಕ ಟೆರೆನ್ಸ್ ಫಿಶರ್. ಮನೆಗೆ ಬಂದವರು ನೋಡಿದರೆ ಕೇಳೋದು ಒಂದೇ ಪ್ರಶ್ನೆ: ಒಂದೇ ಸಿನಿಮಾಗೆ ಎರಡು ಸಲ ದುಡ್ಡು ಕೊಟ್ಟಿದ್ದೀಯಾ? ಕೊಟ್ಟಿದ್ದೇನೆ. ಯಾಕಂದ್ರೆ ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲ.

ಈ ಸಿನಿಮಾದ ಕೊನೆಯ ದೃಶ್ಯ ನೋಡಿದವರಿಗೆ ನೆನಪಿರುತ್ತದೆ. ವ್ಯಾನ್ ಹೆಲ್ಸಿಂಗ್ ಮೇಜಿನ ಮೇಲೆ ಓಡಿ, ಹಾರಿ, ಪರದೆ ಎಳೆದು ಹಾಕುತ್ತಾನೆ. ಬಿಸಿಲು ಒಳಗೆ ನುಗ್ಗುತ್ತದೆ. ಎರಡು ಮೇಣದಬತ್ತಿ ಕಂಬಗಳನ್ನು ಶಿಲುಬೆ ಥರ ಹಿಡಿದು ಡ್ರಾಕುಲಾನನ್ನು ಆ ಬಿಸಿಲಿಗೆ ತಳ್ಳುತ್ತಾನೆ, ಅವನು ಬೂದಿಯಾಗುತ್ತಾನೆ. ಆ ಬೂದಿಯಾಗುವ ಭಾಗಕ್ಕೆ ಬ್ರಿಟಿಷ್ ಸೆನ್ಸಾರ್ ಕತ್ತರಿ ಹಾಕಿತ್ತು. ಜಪಾನಿಗೆ ಹೋದ ಪ್ರಿಂಟಿನಲ್ಲಿ ಮಾತ್ರ ಇನ್ನೂ ಜಾಸ್ತಿ ಇತ್ತು ಅಂತ ಹ್ಯಾಮರ್ ಅಭಿಮಾನಿಗಳ ನಡುವೆ ದಶಕಗಳ ಕಾಲ ಮಾತು ಓಡಾಡುತ್ತಿತ್ತು. ಬರೀ ಬಾಯಿಮಾತು ಅಂತ ತುಂಬಾ ಜನ ಕೈಬಿಟ್ಟಿದ್ದರು.

ಅದು ನಿಜವಾಗಿತ್ತು. 2011ರಲ್ಲಿ ಟೋಕಿಯೋದ ರಾಷ್ಟ್ರೀಯ ಫಿಲ್ಮ್ ಸೆಂಟರ್‌ನಲ್ಲಿ ಆ ಪ್ರಿಂಟಿನ ರೀಲುಗಳು ಸಿಕ್ಕವು. 1984ರಲ್ಲಿ ಅಲ್ಲಿ ಬೆಂಕಿ ಬಿದ್ದಿತ್ತು. ಮೊದಲ ಐದು ರೀಲು ಹಾಳಾಗಿ, ಆರರಿಂದ ಒಂಬತ್ತರವರೆಗಿನ ರೀಲುಗಳು ಮಾತ್ರ ಉಳಿದಿದ್ದವು. ನಮ್ಮ ಪುಣ್ಯ, ಬೇಕಾಗಿದ್ದದ್ದು ಆ ಕೊನೆಯ ರೀಲುಗಳಲ್ಲೇ ಇತ್ತು. ಹ್ಯಾಮರ್‌ನವರು ಅದನ್ನು 2012ರಲ್ಲಿ ಸಿನಿಮಾಗೆ ಸೇರಿಸಿದರು, 2013ರ ಡಿಸ್ಕಿನಲ್ಲಿ ಹೊರಗೆ ತಂದರು. ಅದೇ ಡಿಸ್ಕಿನಲ್ಲಿ ಬಿಎಫ್ಐ (ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್) 2007ರಲ್ಲಿ ಸರಿಪಡಿಸಿದ ಆವೃತ್ತಿಯೂ ಇದೆ. ಜೊತೆಗೆ ಟೋಕಿಯೋದ ಆ ನಾಲ್ಕು ರೀಲುಗಳನ್ನು ಒರೆಸದೆ ತೊಳೆಯದೆ, ಇದ್ದ ಹಾಗೇ ಹಾಕಿದ್ದಾರೆ. ಗೀರು, ಕಲೆ, ಮಾಸಿದ ಬಣ್ಣ ಎಲ್ಲವೂ ಹಾಗೇ ಇದೆ. ನನಗೆ ಇಡೀ ಡಿಸ್ಕಿನಲ್ಲಿ ಅತಿ ಇಷ್ಟವಾದದ್ದು ಅದೇ.

ಸಿಕ್ಕಿದ್ದೆಷ್ಟು ಅಂದರೆ, ಗಡಿಯಾರ ಹಿಡಿದು ನೋಡಿದರೆ ಸ್ವಲ್ಪವೇ. ಆದರೆ ಆ ಒಂದು ಶಾಟ್ ನೋಡಿ. ಲೀ ತನ್ನ ಕೈಯಿಂದ ತನ್ನದೇ ಮುಖವನ್ನು ಪರಚಿಕೊಳ್ಳುತ್ತಾನೆ, ಬೆರಳು ಎಳೆದ ಕಡೆಯೆಲ್ಲ ಚರ್ಮ ಸುಲಿದು ಕೆಂಪಗೆ ಗೆರೆ ಮೂಡುತ್ತದೆ. ಇದನ್ನು ಮಾಡಿದ ರೀತಿ ತುಂಬಾ ಸರಳ. ಮೊದಲು ಮುಖಕ್ಕೆ ಕೆಂಪು ಬಣ್ಣ. ಅದರ ಮೇಲೆ, ಶವಗಳ ಮುಖ ತಿದ್ದಲು ಬಳಸುವ ಮೇಣದ ತೆಳು ಪದರ. ಆ ಮೇಣದ ಮೇಲೆ ಮಾಮೂಲಿ ಚರ್ಮದ ಬಣ್ಣದ ಮೇಕಪ್. ಬೆರಳಿಂದ ಗೀರಿದರೆ ಮೇಣ ಸರಿದು ಕೆಳಗಿನ ಕೆಂಪು ಕಾಣುತ್ತದೆ. ಅಷ್ಟೇ. ಕಂಪ್ಯೂಟರ್ ಇಲ್ಲ, ಏನಿಲ್ಲ. ನಿಲ್ಲಿಸಿ ನಿಲ್ಲಿಸಿ ನೋಡಿದರೆ ಉಗುರಿನ ತುದಿಗೆ ಮೇಣ ಹೇಗೆ ಮುದ್ದೆಯಾಗುತ್ತದೆ ಅನ್ನೋದೂ ಗೊತ್ತಾಗುತ್ತದೆ. ಐವತ್ತಕ್ಕೂ ಹೆಚ್ಚು ವರ್ಷ ಇದನ್ನ ಪಶ್ಚಿಮದ ಯಾವ ಪ್ರೇಕ್ಷಕನೂ ಪರದೆ ಮೇಲೆ ನೋಡಿರಲಿಲ್ಲ. ಡ್ರಾಕುಲಾ ಬೆನ್ನು ಹತ್ತುವ ಮೀನಾ ಎಂಬ ಹೆಂಗಸಿನ ಕೋಣೆಯ ದೃಶ್ಯಕ್ಕೂ ಹೀಗೇ ಕತ್ತರಿ ಬಿದ್ದಿತ್ತು. ಅಲ್ಲಿ ಡ್ರಾಕುಲಾ ಅವಳ ಮುಖದ ಹತ್ತಿರ ತನ್ನ ಮುಖ ತಂದು ಸವರುತ್ತಾನೆ. ಕಚ್ಚುವುದಕ್ಕಿಂತ ಅದೇ ಹೆಚ್ಚು ಭಯ ಹುಟ್ಟಿಸುತ್ತದೆ. ಸೆನ್ಸಾರಿನವರಿಗೆ ಯಾಕೆ ಕಸಿವಿಸಿ ಆಯ್ತು ಅಂತ ನೋಡಿದ ತಕ್ಷಣ ತಿಳಿಯುತ್ತದೆ.

ಹಾಗಾದರೆ ಅಮೆರಿಕದ ಡಿಸ್ಕ್ ಯಾಕೆ ಬೇಕಿತ್ತು? ಬಣ್ಣಕ್ಕೆ. ಅದರಲ್ಲಿ ಜಪಾನಿನ ತುಣುಕುಗಳಿಲ್ಲ. ಆದರೆ ಬ್ರಿಟಿಷ್ ಡಿಸ್ಕು ನನ್ನ ಕಣ್ಣಿಗೆ ನೀಲಿ ಜಾಸ್ತಿ, ಕತ್ತಲೆಯೂ ಜಾಸ್ತಿ. ಈ ಬಗ್ಗೆ ಸಂಗ್ರಹಕಾರರ ನಡುವೆ ದೊಡ್ಡ ಜಗಳವೇ ಆಗಿದೆ. ಛಾಯಾಗ್ರಾಹಕ ಜ್ಯಾಕ್ ಆಶರ್ ಅವರ ಕೆಲಸದ ಜೀವವೇ ಬಣ್ಣ. ಗೋಡೆ, ಪರದೆ, ರಕ್ತ, ಎಲ್ಲದಕ್ಕೂ ಹೊಳಪಿದೆ, ಒಂದು ಬೆಚ್ಚನೆಯ ಕಾವಿದೆ. ಅದು ಅಮೆರಿಕದ ಡಿಸ್ಕಿನಲ್ಲಿ ಉಳಿದಿದೆ. ಒಂದರಲ್ಲಿ ಪೂರ್ತಿ ಸಿನಿಮಾ, ಇನ್ನೊಂದರಲ್ಲಿ ಸರಿಯಾದ ಬಣ್ಣ. ಎರಡೂ ಒಟ್ಟಿಗೆ ಸಿಗುವವರೆಗೆ ನಾನು ಎರಡನ್ನೂ ಇಟ್ಟುಕೊಳ್ಳುತ್ತೇನೆ.

ನನಗೆ ಸ್ಪೆಶಲ್ ಎಡಿಷನ್ ಅಂದರೆ ಇದು. ಡಬ್ಬ ಅಲ್ಲ, ಒಳಗಿನ ಸಿನಿಮಾ. ಇದನ್ನ ಒತ್ತಿ ಹೇಳಬೇಕು ಅನ್ನಿಸುತ್ತದೆ, ಯಾಕಂದ್ರೆ ಈಗ ಹೆಚ್ಚಿನ ದುಡ್ಡು ಹೋಗುವುದು ಹೊರಗಿನದಕ್ಕೇ. ಸ್ಟೀಲ್ ಡಬ್ಬ, ಮೇಲೊಂದು ರಟ್ಟಿನ ಕವರ್, ಗೊಂಬೆ, ಪೋಸ್ಟರ್. 2002ರಲ್ಲಿ ದಿ ಈವಿಲ್ ಡೆಡ್‌ಗೆ ಒಂದು ಡಿವಿಡಿ ಬಂತು. ಸಿನಿಮಾದೊಳಗಿನ ಆ ಮಾಟದ ಪುಸ್ತಕದ ಥರವೇ ಅದರ ಕವರ್, ಮುಟ್ಟಿದರೆ ಚರ್ಮದಂತೆ ಮೆತ್ತಗಿರುವ ಲ್ಯಾಟೆಕ್ಸ್ ರಬ್ಬರು. ಸಿನಿಮಾಗೆ ಆ ಪುಸ್ತಕ ಮಾಡಿಕೊಟ್ಟಿದ್ದ ಟಾಮ್ ಸಲಿವನ್ ಅವರೇ ಇದನ್ನೂ ರೂಪಿಸಿದ್ದು. ಗೆಳೆಯನೊಬ್ಬನ ಬಳಿ ಅದಿದೆ. ಈಗ ತೆರೆದರೆ ಅಂಚು ಪುಡಿ ಪುಡಿಯಾಗಿ ಉದುರುತ್ತದೆ, ಕೈಗೆ ಕಂದು ಅಂಟು ಹತ್ತುತ್ತದೆ, ಹಳೇ ಸೈಕಲ್ ಟ್ಯೂಬಿನ ವಾಸನೆ ಬರುತ್ತದೆ. ರಬ್ಬರಿನ ಆಯುಷ್ಯ ಅಷ್ಟೇ. ಒಳಗಿನ ಡಿಸ್ಕು ಮಾತ್ರ ಇವತ್ತಿಗೂ ಚೆನ್ನಾಗಿ ಓಡುತ್ತದೆ. ಡಬ್ಬಕ್ಕಾಗಿ ಕೊಳ್ಳುವವರು ಕೊಳ್ಳಲಿ, ಅದೂ ಒಂದು ಖುಷಿ. ನಾನು ಕೊಳ್ಳುವ ಮುಂಚೆ ನೋಡುವುದು ಹಿಂಬದಿಯ ಸಣ್ಣ ಅಕ್ಷರ: ಯಾವ ನೆಗೆಟಿವ್ ಅಥವಾ ಪ್ರಿಂಟಿನಿಂದ ತೆಗೆದದ್ದು, ಯಾರು ಸರಿಪಡಿಸಿದ್ದು, ಎಷ್ಟು ನಿಮಿಷ.

ಮೂಕಿ ಚಿತ್ರಗಳಲ್ಲಂತೂ ಇದು ತೀರಾ ಮುಖ್ಯ. ಮುರ್ನೌ ಅವರ 1922ರ ನಾಸ್ಫೆರಾಟು ತಗೊಳ್ಳಿ. ಬ್ರಾಮ್ ಸ್ಟೋಕರ್ ಅವರ ಡ್ರಾಕುಲಾ ಕಾದಂಬರಿಯ ಹಕ್ಕು ಪಡೆಯದೆ ತೆಗೆದ ಸಿನಿಮಾ ಅದು. ಸ್ಟೋಕರ್ ಅವರ ಹೆಂಡತಿ ಫ್ಲಾರೆನ್ಸ್ ಕೇಸು ಹಾಕಿದರು, ಗೆದ್ದರು, ಪ್ರಿಂಟುಗಳನ್ನೆಲ್ಲ ನಾಶಮಾಡಬೇಕು ಅಂತ ಜರ್ಮನಿಯ ನ್ಯಾಯಾಲಯ ಹೇಳಿತು. ಹೊರದೇಶಗಳಿಗೆ ಹೋಗಿದ್ದ ಪ್ರಿಂಟುಗಳಿಂದ ಸಿನಿಮಾ ಉಳಿಯಿತು. ಆದರೆ ನಮ್ಮಲ್ಲಿ ಹೆಚ್ಚಿನವರು ನೋಡಿರುವುದು ಅದರ ಬರೀ ಕಪ್ಪು-ಬಿಳುಪು ಕಾಪಿ. ಆ ಕಾಪಿಯಲ್ಲಿ ಒಂದು ವಿಚಿತ್ರ ಕಾಣುತ್ತದೆ. ಬಿಸಿಲು ತಾಗಿದರೆ ಸಾಯುವ ಪಿಶಾಚಿ ಶವಪೆಟ್ಟಿಗೆ ಹೊತ್ತುಕೊಂಡು ಹಾಡಹಗಲೇ ಊರೊಳಗೆ ನಡೆದು ಹೋಗುತ್ತಾನೆ! ಮನೆಗಳ ನೆರಳು ನೆಲದ ಮೇಲೆ ಬಿದ್ದಿರುವುದೂ ಸ್ಪಷ್ಟ. ಕಥೆಯೇ ತಪ್ಪು ಅನ್ನಿಸುತ್ತದೆ, ಅಲ್ವಾ?

ತಪ್ಪಿರುವುದು ಕಾಪಿಯಲ್ಲಿ. ಆಗಿನ ಫಿಲ್ಮಿಗೆ ರಾತ್ರಿ ಹೊತ್ತು ಚಿತ್ರ ಹಿಡಿಯುವ ಶಕ್ತಿ ಇರಲಿಲ್ಲ. ಹಾಗಾಗಿ ಹಗಲಲ್ಲಿ ತೆಗೆದು, ಆಮೇಲೆ ಫಿಲ್ಮನ್ನೇ ನೀಲಿ ಬಣ್ಣದಲ್ಲಿ ಅದ್ದುತ್ತಿದ್ದರು. ನೀಲಿ ಅಂದರೆ ರಾತ್ರಿ ಅಂತ ನೋಡುವವರಿಗೆ ಗೊತ್ತಿತ್ತು. ಕಪ್ಪು-ಬಿಳುಪಿಗೆ ಇಳಿಸಿದಾಗ ಆ ರಾತ್ರಿ ಕಳೆದುಹೋಯಿತು. ಪ್ಯಾರಿಸ್ಸಿನ ಸಿನಿಮಾಥೆಕ್ ಎಂಬ ಫಿಲ್ಮ್ ಸಂಗ್ರಹಾಲಯದಲ್ಲಿದ್ದ ಬಣ್ಣದ ಪ್ರಿಂಟನ್ನು ಆಧಾರ ಮಾಡಿಕೊಂಡು ಮುರ್ನೌ ಪ್ರತಿಷ್ಠಾನದವರು ಸರಿಪಡಿಸಿದ ಆವೃತ್ತಿ 2006ರಲ್ಲಿ ಬಂತು, ಹಾನ್ಸ್ ಎರ್ಡ್‌ಮನ್ ಬರೆದಿದ್ದ ಸಂಗೀತದ ಜೊತೆ. ನಂತರದ ಒಳ್ಳೆಯ ಡಿಸ್ಕುಗಳೆಲ್ಲ ಇದರಿಂದಲೇ ಬಂದದ್ದು. ಇಂಗ್ಲೆಂಡಿನ ಯುರೇಕಾ ಕಂಪನಿಯವರ 2013ರ ಬ್ಲೂ-ರೇ ನನ್ನ ಬಳಿ ಇದೆ. ಅದರಲ್ಲಿ ಆ ಪಿಶಾಚಿ, ಆರ್ಲಾಕ್, ಆ ಪೆಟ್ಟಿಗೆ ಹೊತ್ತು ನೀಲಿ ಬೀದಿಯಲ್ಲಿ ನಡೆಯುವುದನ್ನು ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತು. ಅದೇ ಶಾಟು, ಅದೇ ಬೀದಿ. ಆದರೆ ಈಗ ಊರೆಲ್ಲ ಮಲಗಿದೆ, ಅವನೊಬ್ಬನೇ ಎದ್ದಿದ್ದಾನೆ.

ಇನ್ನು ಜಾರ್ಜ್ ರೊಮೆರೊ ಅವರ ನೈಟ್ ಆಫ್ ದಿ ಲಿವಿಂಗ್ ಡೆಡ್, 1968. ಇದು ಅನಾಥವಾದ ಕಥೆ ಕೇಳಿದರೆ ಬೇಜಾರಾಗುತ್ತದೆ. ಮೊದಲು ಇಟ್ಟಿದ್ದ ಹೆಸರನ್ನು ಬಿಡುಗಡೆಗೆ ಮುಂಚೆ ಬದಲಿಸಿದರು. ಹೊಸ ಟೈಟಲ್ ಹಾಕುವಾಗ, ಹಳೇ ಟೈಟಲಿನ ಜೊತೆ ಇದ್ದ ಕಾಪಿರೈಟ್ ಸಾಲು ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾನೂನಿನಲ್ಲಿ ಆ ಸಾಲಿಲ್ಲದಿದ್ದರೆ ಹಕ್ಕೂ ಇಲ್ಲ. ಹಾಗಾಗಿ ಸಿಕ್ಕ ಸಿಕ್ಕವರೆಲ್ಲ ಸಿಕ್ಕ ಸಿಕ್ಕ ಪ್ರಿಂಟಿನಿಂದ ಕ್ಯಾಸೆಟ್ ಮಾಡಿದರು, ಡಿವಿಡಿ ಮಾಡಿದರು. ಸಿನಿಮಾ ತೆಗೆದವರಿಗೆ ಅದರಿಂದ ಒಂದು ಪೈಸೆ ಹೋಗಲಿಲ್ಲ. ಬೂದು ಬೂದಾಗಿ, ಮುಖ ಮೂತಿ ಕಾಣದ ಕಾಪಿಗಳನ್ನೇ ನೋಡಿ, "ಕಡಿಮೆ ದುಡ್ಡಿನ ಸಿನಿಮಾ, ಹೀಗೇ ಇರೋದು" ಅಂತ ಜನ ನಂಬಿದರು.

ಮೂಲ ಕ್ಯಾಮೆರಾ ನೆಗೆಟಿವ್ ಇತ್ತು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಅವರ ಫಿಲ್ಮ್ ಫೌಂಡೇಷನ್ ಸೇರಿ ಅದನ್ನು 4ಕೆಯಲ್ಲಿ (ಬ್ಲೂ-ರೇಗಿಂತಲೂ ಹೆಚ್ಚು ಸ್ಪಷ್ಟತೆಯಲ್ಲಿ) ಸರಿಪಡಿಸಿದರು, 2016ರಲ್ಲಿ ತೋರಿಸಿದರು, 2018ರಲ್ಲಿ ಕ್ರೈಟೀರಿಯನ್ ಕಂಪನಿಯವರು ಬ್ಲೂ-ರೇ ತಂದರು. ಹುಲ್ಲಿನ ಒಂದೊಂದು ಎಸಳೂ ಕಾಣುತ್ತದೆ. ಕಪ್ಪು ನಿಜವಾಗಿ ಕಪ್ಪಾಗಿದೆ. ನಾಯಕ ಡ್ವೇನ್ ಜೋನ್ಸ್ ಮುಖದ ಬೆವರು, ಹಲಗೆಗೆ ಮೊಳೆ ಹೊಡೆಯುವಾಗಿನ ಕೋಪ, ಎಲ್ಲ ಎದುರಿಗೇ ನಡೆದ ಹಾಗಿದೆ. ಅದೇ ಸೆಟ್ಟಿನಲ್ಲಿ ಬೇರೆ ಹೆಸರಿನ ಒಂದು ಕಚ್ಚಾ ಪ್ರತಿಯೂ ಇದೆ, ಎಡಿಟಿಂಗ್ ಮುಗಿಯುವ ಮುಂಚಿನದು. 1994ರಲ್ಲಿ ರೊಮೆರೊ ಮತ್ತು ತಂಡದವರು ಕೂತು ಸಿನಿಮಾ ನೋಡುತ್ತಾ ಮಾತಾಡಿದ ಕಾಮೆಂಟರಿಯೂ ಇದೆ. ರೊಮೆರೊ 2017ರಲ್ಲಿ ತೀರಿಕೊಂಡರು. ನಾಯಕ ಜೋನ್ಸ್ 1988ರಲ್ಲೇ ಹೋದರು, ಅವರದೊಂದು ಹಳೇ ಸಂದರ್ಶನ ಇದರಲ್ಲಿ ಉಳಿದಿದೆ. ಸ್ನೇಹಿತರು ಹರಟೆ ಹೊಡೆದ ಹಾಗೆ ಇರುವ ಈ ಕಾಮೆಂಟರಿಗಳನ್ನು ನಾನು ರಾತ್ರಿ ಪಾತ್ರೆ ತೊಳೆಯುವಾಗಲೂ ಹಾಕಿಕೊಂಡು ಕೇಳುತ್ತೇನೆ.

ಬೆಂಗಳೂರಿನಲ್ಲಿ ಕೂತು ಇದನ್ನೆಲ್ಲ ಕೂಡಿಸುವವರಿಗೆ ಒಂದಿಷ್ಟು ಕೆಲಸದ ಮಾತು. ಬ್ಲೂ-ರೇಗೆ ಪ್ರಪಂಚವನ್ನು ಎ, ಬಿ, ಸಿ ಅಂತ ಮೂರು ಭಾಗ ಮಾಡಿದ್ದಾರೆ. ಅಮೆರಿಕ ಎ, ಇಂಗ್ಲೆಂಡ್ ಬಿ, ನಾವು ಸಿ. ಡಿವಿಡಿಯಲ್ಲಿ ಅಮೆರಿಕ 1, ಇಂಗ್ಲೆಂಡ್ 2, ನಾವು 5. ಒಂದು ಭಾಗದ ಡಿಸ್ಕು ಇನ್ನೊಂದು ಭಾಗದ ಪ್ಲೇಯರಿನಲ್ಲಿ ಓಡದ ಹಾಗೆ ಹಲವು ಸಲ ಬೀಗ ಹಾಕಿರುತ್ತಾರೆ. ಹಳೇ ಹಾರರ್‌ಗೆ ಜೀವ ಕೊಡುತ್ತಿರುವ ಕಂಪನಿಗಳು ಹೆಚ್ಚಾಗಿ ಎ ಅಥವಾ ಬಿ ಕಡೆಯವು. ಆದ್ದರಿಂದ ಎಲ್ಲ ವಲಯದ ಡಿಸ್ಕನ್ನೂ ಓಡಿಸುವ ಪ್ಲೇಯರ್ ಮೊದಲು ಬೇಕು, ಡಿಸ್ಕ್ ಆಮೇಲೆ. 4ಕೆ ಡಿಸ್ಕಿಗೆ ಈ ಬೀಗ ಇಲ್ಲ, ಎಲ್ಲಿಂದ ತರಿಸಿದರೂ ನಡೆಯುತ್ತದೆ. ಆದರೆ ಅದರ ಜೊತೆ ಬರುವ ಬ್ಲೂ-ರೇಗೆ ಬೀಗ ಇರಬಹುದು, ಎಕ್ಸ್‌ಟ್ರಾಗಳೆಲ್ಲ ಅದರಲ್ಲೇ ಇರಬಹುದು, ನೋಡಿ ಕೊಳ್ಳಿ. ಸಾಗಣೆ ಖರ್ಚು, ಕಸ್ಟಮ್ಸ್ ಸುಂಕ ಸೇರಿದರೆ ಡಿಸ್ಕಿನ ಬೆಲೆಗಿಂತ ಜಾಸ್ತಿಯಾಗುವುದೂ ಉಂಟು. ಹೊರಗೆ ಇರುವ ನೆಂಟರಿಗೆ ಹೇಳಿ ತರಿಸುವುದು ಒಳ್ಳೆಯದು. ಮಳೆಗಾಲದಲ್ಲಿ ಕಪಾಟು ಗೋಡೆಗೆ ಅಂಟಿಸಿ ಇಡಬೇಡಿ, ಪುಸ್ತಿಕೆಗಳಿಗೆ ಬೂಷ್ಟು ಹಿಡಿಯುತ್ತದೆ.

ನಮ್ಮ ದೇಶದ ದೆವ್ವದ ಸಿನಿಮಾಗಳನ್ನೂ ಚೆನ್ನಾಗಿ ತಂದವರು ಹೊರಗಿನವರೇ. ರಾಮ್ಸೆ ಸಹೋದರರ ಪುರಾನಾ ಮಂದಿರ್ ಮತ್ತು ಬಂದ್ ದರ್ವಾಜಾ ಎರಡನ್ನೂ ಮಾಂಡೋ ಮಕಾಬ್ರೊ ಅನ್ನುವ ಕಂಪನಿ ಒಟ್ಟಿಗೆ ಡಿವಿಡಿ ಮಾಡಿತ್ತು. ಕನ್ನಡದ ಕಡೆ ತಿರುಗಿದರೆ ನನಗೆ ಮೊದಲು ನೆನಪಾಗುವುದು 1979ರ ನಾ ನಿನ್ನ ಬಿಡಲಾರೆ. ಅನಂತ್ ನಾಗ್, ಲಕ್ಷ್ಮಿ. ನಮ್ಮ ಅಪ್ಪ-ಅಮ್ಮನ ಪೀಳಿಗೆ ಹೆದರಿದ ಸಿನಿಮಾ. ನಾನು ನೋಡಿದ್ದು ವಿಸಿಡಿಯಲ್ಲಿ. ವಿಸಿಡಿ ಚಿತ್ರದ ಅಳತೆ 352 x 288 ಚುಕ್ಕೆ, ಬ್ಲೂ-ರೇಯದು 1920 x 1080. ಕತ್ತಲೆ ದೃಶ್ಯದಲ್ಲಿ ವಿಸಿಡಿ ಪರದೆ ಚೌಕ ಚೌಕವಾಗಿ ಒಡೆಯುತ್ತಿತ್ತು. ಭಯಪಡಬೇಕಾದ ಜಾಗದಲ್ಲಿ ಏನಿದೆ ಅಂತ ಕಣ್ಣು ಕಿರಿದು ಮಾಡಿ ಹುಡುಕಬೇಕಿತ್ತು. ಆ ಸಿನಿಮಾ ನಿಜವಾಗಿ ಹೇಗೆ ಕಾಣುತ್ತಿತ್ತು ಅಂತ ನನಗೆ ಇವತ್ತಿಗೂ ನೋಡಲು ಆಗಿಲ್ಲ.

ಆಗದ ಕೆಲಸ ಅಲ್ಲ ಇದು. ರೊಮೆರೊ ಸಿನಿಮಾವನ್ನು ಉಳಿಸಿದ ಅದೇ ಫಿಲ್ಮ್ ಫೌಂಡೇಷನ್, ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಜೊತೆ ಸೇರಿ ಗಿರೀಶ್ ಕಾಸರವಳ್ಳಿ ಅವರ 1977ರ ಘಟಶ್ರಾದ್ಧವನ್ನು ಸರಿಪಡಿಸಿತು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಘಟಶ್ರಾದ್ಧ ಬಂದು ಎರಡೇ ವರ್ಷಕ್ಕೆ ಬಂದ ಸಿನಿಮಾ ನಾ ನಿನ್ನ ಬಿಡಲಾರೆ. ಕಲಾತ್ಮಕ ಚಿತ್ರಕ್ಕೆ ಸಿಕ್ಕ ಆರೈಕೆ ಒಂದು ದೆವ್ವದ ಚಿತ್ರಕ್ಕೂ ಸಿಗಬೇಕು. ಅಮೆರಿಕದಲ್ಲಿ ಸಿಕ್ಕಿದೆಯಲ್ಲ. ಯಾರಾದರೂ ನಿರ್ಮಾಪಕರು ಇದನ್ನ ಓದುತ್ತಿದ್ದರೆ ನನ್ನ ಕೋರಿಕೆ ಇಷ್ಟು: ರಟ್ಟಿನ ಕವರ್ ಬೇಡ, ಗೊಂಬೆ ಬೇಡ, ಪೋಸ್ಟರೂ ಬೇಡ. ನೆಗೆಟಿವ್ ಎಲ್ಲಿದೆ ಅಂತ ಹುಡುಕಿ, ಒಳ್ಳೆಯ ಸ್ಕ್ಯಾನ್ ಮಾಡಿಸಿ. ಆಮೇಲೆ ಅನಂತ್ ನಾಗ್ ಅವರನ್ನೂ ಲಕ್ಷ್ಮಿ ಅವರನ್ನೂ ಒಂದು ಮಧ್ಯಾಹ್ನ ಮೈಕಿನ ಮುಂದೆ ಕೂರಿಸಿ, ಸಿನಿಮಾ ಓಡಿಸಿ, ಸುಮ್ನೆ ಮಾತಾಡಲು ಬಿಡಿ. ಇದನ್ನ ಈ ವರ್ಷವೇ ಮಾಡಿ.