ಗ್ರೋ ಪಿಟಾನ್ ಹತ್ತುವ ಮುಂಚೆ ಕೇಳಬೇಕಿದ್ದ ಮಾತು

ಕೆರಿಬಿಯನ್ ದ್ವೀಪ ಸೇಂಟ್ ಲೂಸಿಯಾಕ್ಕೆ ಬರುವ ಗೆಸ್ಟ್‌ಗಳು ಚೆಕ್-ಇನ್ ಮುಗಿಸಿ ವೆಲ್‌ಕಮ್ ಡ್ರಿಂಕ್ ಕುಡಿಯುವಷ್ಟರಲ್ಲಿ ಕೇಳುವುದು ಒಂದೇ ಪ್ರಶ್ನೆ: ಇಲ್ಲಿ ಏನೇನು ನೋಡಬಹುದು, ಏನೇನು ಮಾಡಬಹುದು? ಅದಕ್ಕೆ ಉತ್ತರ ಕೊಡುವುದೇ ನನ್ನ ಕೆಲಸ. ಸೂಫ್ರಿಯೇರ್ ಊರಿನ ಹತ್ತಿರದ ಒಂದು ದುಬಾರಿ ರೆಸಾರ್ಟಿನಲ್ಲಿ ಆಕ್ಟಿವಿಟಿ ಡೆಸ್ಕ್ ನೋಡಿಕೊಳ್ಳುತ್ತೇನೆ. ನಾನು ಬ್ರಹ್ಮಾವರದ ಕಡೆಯವನು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಕೆಲವು ವರ್ಷ ಕ್ರೂಸ್ ಹಡಗಿನಲ್ಲಿ ದುಡಿದು, ಆಮೇಲೆ ಈ ದ್ವೀಪಕ್ಕೆ ಬಂದೆ.

ಇಲ್ಲಿ ನೋಡುವುದಕ್ಕೆ ಏನೂ ಕಡಿಮೆ ಇಲ್ಲ. ಸಮುದ್ರದಿಂದಲೇ ನೆಟ್ಟಗೆ ಎದ್ದ ಎರಡು ಪಿಟಾನ್ ಗುಡ್ಡಗಳಿವೆ. ಗ್ರೋ ಪಿಟಾನ್ 770 ಮೀಟರ್, ಪೆಟಿ ಪಿಟಾನ್ 743 ಮೀಟರ್. ಯುನೆಸ್ಕೋದವರು 2004ರಲ್ಲಿ ಈ ಜಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಊರಿನ ಆಚೆ ಸಲ್ಫರ್ ಸ್ಪ್ರಿಂಗ್ಸ್ ಇದೆ. ನೆಲದಿಂದ ಹೊಗೆ ಏಳುತ್ತಿರುತ್ತದೆ, ಗಂಧಕದ ವಾಸನೆ ಮೂಗಿಗೆ ಹೊಡೆಯುತ್ತದೆ. ಜನ ಬೂದು ಬಣ್ಣದ ಕೆಸರು ಮೈಗೆ ಬಳಿದುಕೊಂಡು ಬಿಸಿನೀರಿನಲ್ಲಿ ಕೂರುತ್ತಾರೆ. ಡೈಮಂಡ್ ತೋಟದಲ್ಲಿ ಜಲಪಾತ ಇದೆ. 1784ರಲ್ಲಿ ಫ್ರಾನ್ಸಿನ ರಾಜ 16ನೇ ಲೂಯಿಯ ಸೈನಿಕರಿಗಾಗಿ ಕಟ್ಟಿಸಿದ ಬಿಸಿನೀರಿನ ಸ್ನಾನದ ಜಾಗವೂ ಅಲ್ಲೇ ಇದೆ. ಕೋಕೋ ತೋಟಗಳಲ್ಲಿ ಕಾಯಿ ಒಡೆಯುವುದರಿಂದ ಹಿಡಿದು ಚಾಕೊಲೇಟ್ ಬಾರ್ ಮಾಡುವವರೆಗೆ ತೋರಿಸುತ್ತಾರೆ. ಇನ್ನು ನೀರಿಗಿಳಿದರೆ ಅದು ಬೇರೆಯೇ ಲೋಕ. ಮೀನುಗಾರರು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಡೈವ್ ಮಾಡುವವರು, ವಿಹಾರ ದೋಣಿಯವರು ಒಬ್ಬರಿಗೊಬ್ಬರು ಅಡ್ಡ ಬಂದು ಜಗಳ ಹೆಚ್ಚಾದ ಮೇಲೆ, 1995ರಲ್ಲಿ ಇಲ್ಲಿನ ಕರಾವಳಿಯನ್ನು ಭಾಗ ಮಾಡಿ ಯಾರಿಗೆ ಎಲ್ಲಿ ಜಾಗ ಅಂತ ಗೊತ್ತುಮಾಡಿದರು. ದಡದಿಂದ ಸ್ವಲ್ಪ ಈಜಿದರೆ ಸಾಕು, ಹವಳದ ದಿಬ್ಬ ಸಿಗುತ್ತದೆ.

ನಮ್ಮ ಬ್ರೋಷರ್‌ನಲ್ಲಿ ಇದೆಲ್ಲ ಬಿಡಿಬಿಡಿಯಾಗಿ ಇದೆ. ಮೇಲೆ ಚೆಂದದ ಫೋಟೊ, ಕೆಳಗೆ ರೇಟು. ಯಾವುದಾದ ಮೇಲೆ ಯಾವುದನ್ನು ಮಾಡಬಾರದು ಅನ್ನುವುದು ಮಾತ್ರ ಎಲ್ಲೂ ಇಲ್ಲ. ಅದನ್ನು ಹೇಳಬೇಕಾದವರು ಡೆಸ್ಕಿನಲ್ಲಿ ಕೂತ ನಾವು. ಕಳೆದ ಸೀಸನ್‌ನ ಒಂದು ಗುರುವಾರ ಬೆಳಗ್ಗೆ ಅದು ನನಗೆ ಚೆನ್ನಾಗಿಯೇ ಅರ್ಥವಾಯಿತು.

ಆ ವಾರದ ಅರೈವಲ್ಸ್ ಲಿಸ್ಟಿನಲ್ಲಿ ಒಂದು ಕನ್ನಡದ ಹೆಸರಿತ್ತು. ನ್ಯೂಜೆರ್ಸಿಯಲ್ಲಿರುವ ಮೈಸೂರಿನ ದಂಪತಿ, ಮದುವೆಯಾಗಿ 25 ವರ್ಷ ಆಯಿತೆಂದು ಬಂದಿದ್ದರು. ಇಲ್ಲಿ ಕನ್ನಡ ಕಿವಿಗೆ ಬೀಳುವುದೇ ಅಪರೂಪ. ನಾನು "ಬನ್ನಿ ಸರ್, ಪ್ರಯಾಣ ಆರಾಮಾಗಿತ್ತಾ?" ಅಂದಾಗ ಇಬ್ಬರ ಮುಖವೂ ಅರಳಿತು. ಶೆಫ್‌ಗೆ ಹೇಳಿ ಮೊಟ್ಟೆ ಇಲ್ಲದ ತಿಂಡಿ ಮಾಡಿಸಿದೆ, ಪಿಟಾನ್ ಕಾಣುವ ರೂಮಿಗೆ ಅಪ್‌ಗ್ರೇಡ್ ಕೊಡಿಸಿದೆ. ಐಟಿನರಿ ಮಾಡುವಾಗ ಯಜಮಾನರ ಜೊತೆ ಕೂತು ಮಾತಾಡಿದೆ. ತೋಟ ಒಂದು ದಿನ, ಚಾಕೊಲೇಟ್ ಒಂದು ದಿನ, ಗುರುವಾರ ಬೆಳಗ್ಗೆ ಗ್ರೋ ಪಿಟಾನ್. ಅವರು ದಿನಾ ವಾಕಿಂಗ್ ಮಾಡುವವರು, ಚಾರಣದ ಆಸೆ ಇತ್ತು. "ಮೇಡಂ ಹತ್ತುತ್ತಾರಾ?" ಅಂತ ಅವರನ್ನೇ ಕೇಳಿದೆ. "ಹತ್ತುತ್ತಾಳೆ ಬಿಡಿ" ಅಂದರು. ಮೇಡಂ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಕಾಟನ್ ಚೂಡಿದಾರ, ಜಡೆ, ಕೈಯಲ್ಲೊಂದು ಪುಸ್ತಕ. ನೋಡಿದರೆ ನಮ್ಮ ಚಿಕ್ಕಮ್ಮನ ಹಾಗೇ ಇದ್ದರು. ನೀರಿನ ಆಟಗಳ ಪುಟ ತೆಗೆಯಲೇ ಇಲ್ಲ ನಾನು. ನಮ್ಮ ಕಡೆಯ ಈ ವಯಸ್ಸಿನ ಹೆಂಗಸರು ಸಮುದ್ರಕ್ಕೆ ಇಳಿಯಲ್ಲ ಅಂತ ನನ್ನೊಳಗೆ ಮೊದಲೇ ತೀರ್ಮಾನ ಆಗಿಬಿಟ್ಟಿತ್ತು.

ಗುರುವಾರ ಬೆಳಗ್ಗೆ ಆರಕ್ಕೆ ಶಿಫ್ಟ್. ಹ್ಯಾಂಡೋವರ್ ತಗೊಂಡೆ. ಲಾಗ್ ಬುಕ್ಕಿನಲ್ಲಿ ವಿಶೇಷ ಏನೂ ಇರಲಿಲ್ಲ. ದಂಪತಿಯನ್ನು ವ್ಯಾನ್ ಹತ್ತಿಸಿ, ಬ್ರೇಕ್‌ಫಸ್ಟ್ ಬಾಕ್ಸ್ ಕೊಟ್ಟು ಕಳಿಸಿದೆ. ಏಳು ಗಂಟೆ ದಾಟಿದ ಮೇಲೆ ಸ್ಟಾಫ್ ಕ್ಯಾಂಟೀನಿನಲ್ಲಿ ಕೋಕೋ ಟೀ ಕುಡಿಯುತ್ತಿದ್ದಾಗ ಡೈವ್ ಶಾಪಿನ ಇನ್‌ಸ್ಟ್ರಕ್ಟರ್ ಬಂದು ಎದುರಿಗೆ ಕೂತ. ನಿಮ್ಮ ದೇಶದ ಮೇಡಂ ಬಹಳ ಚೆನ್ನಾಗಿ ಡೈವ್ ಮಾಡುತ್ತಾರೆ, ಗಾಳಿ ಎಷ್ಟು ಕಡಿಮೆ ಬಳಸುತ್ತಾರೆ ಗೊತ್ತಾ, ಅಂತ ಹೊಗಳತೊಡಗಿದ. ಯಾವ ಮೇಡಂ ಅಂದೆ. ರೂಮ್ ನಂಬರ್ ಹೇಳಿದ. ಬುಧವಾರ ಬೆಳಗ್ಗೆ ಟು-ಟ್ಯಾಂಕ್, ಅಂದರೆ ಒಂದರ ಹಿಂದೆ ಒಂದು ಎರಡು ಡೈವ್, ರಾತ್ರಿ ಮತ್ತೆ ನೈಟ್ ಡೈವ್. ಆಕ್ಟೊಪಸ್ ಒಂದು ಬಣ್ಣ ಬದಲಿಸುತ್ತಾ ಕಲ್ಲಿನ ಮೇಲೆ ಹರಿದಾಡುವುದನ್ನು ನೋಡಿ ಮಗುವಿನ ಹಾಗೆ ಖುಷಿಪಟ್ಟರಂತೆ. ಎಷ್ಟು ಹೊತ್ತಿಗೆ ಮೇಲೆ ಬಂದಿರಿ ಅಂತ ಕೇಳಿದೆ. ರಾತ್ರಿ ಎಂಟಕ್ಕೆ ಅಂದ.

ಕಪ್ ಅಲ್ಲೇ ಬಿಟ್ಟು ಎದ್ದೆ.

ಡೈವ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನೀರಿನ ಆಳದಲ್ಲಿ, ಒತ್ತಡದಲ್ಲಿ ಉಸಿರಾಡುವಾಗ ನೈಟ್ರೋಜನ್ ರಕ್ತದಲ್ಲಿ, ಮೈಯಲ್ಲಿ ಜಾಸ್ತಿ ಕರಗಿಕೊಳ್ಳುತ್ತದೆ. ಮೇಲೆ ಬಂದ ಮೇಲೆ ನಿಧಾನವಾಗಿ ಉಸಿರಿನ ಜೊತೆ ಹೊರಗೆ ಹೋಗಬೇಕು. ಅದು ಹೋಗುವ ಮುಂಚೆ ಎತ್ತರಕ್ಕೆ ಹೋದರೆ ಸುತ್ತಲಿನ ಒತ್ತಡ ಕಡಿಮೆಯಾಗಿ, ಗೋಲಿ ಸೋಡಾ ಒಡೆದಾಗ ಏಳುವ ಹಾಗೆ ಮೈಯೊಳಗೇ ಗುಳ್ಳೆ ಏಳಬಹುದು. ಕೀಲು ನೋವಿನಿಂದ ಹಿಡಿದು ಲಕ್ವದವರೆಗೆ ಏನು ಬೇಕಾದರೂ ಆಗಬಹುದು. ಅದಕ್ಕೇ ಡೈವ್ ಮಾಡುವವರ ಸುರಕ್ಷತೆ ನೋಡುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನವರು ವಿಮಾನ ಹತ್ತುವ ಮುಂಚೆ ಒಂದು ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಆಗಿದ್ದರೆ 18 ಗಂಟೆ ಕಾಯಿರಿ ಅನ್ನುತ್ತಾರೆ. 2000 ಅಡಿಗಿಂತ ಮೇಲೆ ಹೋಗುವುದಕ್ಕೂ ಇದೇ ಲೆಕ್ಕ. ಗ್ರೋ ಪಿಟಾನ್ ತುದಿ 2500 ಅಡಿ ದಾಟುತ್ತದೆ. ರಾತ್ರಿ ಎಂಟರಿಂದ 18 ಗಂಟೆ ಅಂದರೆ ಮಧ್ಯಾಹ್ನ ಎರಡು. ಮೇಡಂ ಒಂಬತ್ತಕ್ಕೆಲ್ಲ ತುದಿಯಲ್ಲಿ ಇರುತ್ತಾರೆ. ಅದೂ ಏದುಸಿರು ಬಿಡುತ್ತಾ ಹತ್ತಿ. ಡೈವ್ ಆದ ಮೇಲೆ ಮೈ ದಣಿಸಿಕೊಳ್ಳುವುದೇ ಒಳ್ಳೆಯದಲ್ಲ.

ವ್ಯಾನ್ ಡ್ರೈವರ್‌ಗೆ ಫೋನ್ ಮಾಡಿದೆ. ಇಳಿಸಿ ವಾಪಸ್ ಹೊರಟಿದ್ದ. ಯಜಮಾನರ ಫೋನ್ ಸ್ವಿಚ್ ಆಫ್. ಆಗ ನಾನು ಮಾಡಬೇಕಿದ್ದದ್ದು ಚಾರಣ ಶುರುವಾಗುವ ಹಳ್ಳಿಯ ಗೈಡ್ ಆಫೀಸಿಗೆ ಫೋನ್. ಅದರ ಬದಲು ಎಮ್‌ಓಡಿಗೆ, ಅಂದರೆ ಆ ಹೊತ್ತಿನ ಡ್ಯೂಟಿ ಮ್ಯಾನೇಜರ್‌ಗೆ, ಮಾಡಿದೆ. ಗೆಸ್ಟ್ ಚಾರಣವನ್ನು ಅರ್ಧಕ್ಕೆ ನಿಲ್ಲಿಸುವುದಕ್ಕೆ ಅವರ ಒಪ್ಪಿಗೆ ಬೇಕು ಅಂದುಕೊಂಡೆ. ಅವರು ವೇವರ್ (ಏನಾದರೂ ಆದರೆ ರೆಸಾರ್ಟ್ ಹೊಣೆಯಲ್ಲ ಅನ್ನುವ ಪತ್ರ) ಸೈನ್ ಆಗಿದೆಯಾ ಅಂದರು. ಆಗಿದೆ ಅಂದೆ. ಡೈವ್ ಮ್ಯಾನೇಜರ್ ಕೈಲಿ ಕನ್ಫರ್ಮ್ ಮಾಡಿಸು ಅಂದರು. ಡೈವ್ ಮ್ಯಾನೇಜರ್ ದೋಣಿಯಲ್ಲಿದ್ದರು, ರೇಡಿಯೊದಲ್ಲಿ ಹಿಡಿದೆ. ಅವರು ಕಿರುಚಿದರು, ಮೊದಲು ಆಕೆಯನ್ನು ನಿಲ್ಲಿಸು ಅಂತ. ಮತ್ತೆ ಎಮ್‌ಓಡಿಗೆ ಹೇಳಿದೆ. ಅವರಿಗೆ ಆಗಲೂ ಗೆಸ್ಟ್ ಬರೆಯುವ ರಿವ್ಯೂದೇ ಚಿಂತೆ. ಗಡಿಯಾರ ನೋಡಿದರೆ ಏಳೂ ಮುಕ್ಕಾಲು. ಗುಡ್ಡದ ಮೇಲೆ ಒಬ್ಬರು ಒಂದೊಂದೇ ಮೆಟ್ಟಿಲು ಹತ್ತುತ್ತಿರುವಾಗ ನಾನು ಇಲ್ಲಿ ಒಪ್ಪಿಗೆ ಕೇಳುತ್ತಾ ನಿಂತಿದ್ದೆ. ಆ ಹೊತ್ತನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಈ ಕೆಲಸಕ್ಕೆ ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ. ಜೀವದ ವಿಷಯ ಬಂದರೆ ಮೊದಲು ಗೈಡ್‌ಗೆ ಫೋನ್ ಮಾಡಿ, ಮೇಲಿನವರಿಗೆ ಆಮೇಲೆ ಹೇಳಿದರಾಯಿತು. ಬೈದರೆ ಬೈಸಿಕೊಳ್ಳಿ.

ಗ್ರೋ ಪಿಟಾನ್ ದಾರಿ ಶುರುವಾಗುವುದು ಫಾಂ ಜಾಂ ಲೀಬ್ರ ಅನ್ನುವ ಹಳ್ಳಿಯಿಂದ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು ನೆಲೆ ನಿಂತ ಹಳ್ಳಿ ಅದು. ಅಲ್ಲಿನ ಗೈಡ್ ಜೊತೆಗಿಲ್ಲದೆ ಯಾರೂ ಹತ್ತುವ ಹಾಗಿಲ್ಲ. ಕೆಲವು ಗೆಸ್ಟ್‌ಗಳು ಇದು ಸುಮ್ನೆ ದುಡ್ಡು ಕೀಳುವ ದಾರಿ ಅಂತ ಗೊಣಗುತ್ತಾರೆ. ಅವರು ಆ ದಿನ ನನ್ನ ಜಾಗದಲ್ಲಿ ಇರಬೇಕಿತ್ತು. ಕೊನೆಗೂ ಫೋನ್ ಮಾಡಿದಾಗ ಆಫೀಸಿನಲ್ಲಿದ್ದ ಹುಡುಗ ಒಂದೂ ಮರುಪ್ರಶ್ನೆ ಕೇಳಲಿಲ್ಲ. ಮೇಲೆ ಹೋದ ಗೈಡ್‌ನ ಫೋನಿಗೆ ಸಿಗ್ನಲ್ ಸಿಗಲಿಲ್ಲ. ಇವನೇ ಓಡಿದ. ಆ ದಾರಿಯ ಮೊದಲರ್ಧ ಸುಮಾರಾಗಿದೆ, ಪೆಟಿ ಪಿಟಾನ್ ಎದುರಿಗೇ ಕಾಣುವ ಜಾಗದಲ್ಲಿ ಜನ ಕೂತು ಸುಧಾರಿಸಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಕಲ್ಲಿನ ಮೆಟ್ಟಿಲು, ಬೇರು ಹಿಡಿದು ಹತ್ತುವ ಕಡಿದಾದ ದಾರಿ. ಆ ಜಾಗ ದಾಟಿ ಸ್ವಲ್ಪ ಮೇಲೆ ಅವರನ್ನು ಹಿಡಿದನಂತೆ. ಅವನ ಫೋನ್ ಬರುವವರೆಗೆ ನಾನು ಡೆಸ್ಕಿನಲ್ಲಿ ಕೂತಿರಲಿಲ್ಲ, ನಿಂತೂ ಇರಲಿಲ್ಲ. ಮೂರು ಜನ ಗೆಸ್ಟ್ ಟವೆಲ್ ಕಾರ್ಡ್ ಕೇಳಿದರು. ಏನು ಕೊಟ್ಟೆನೋ ನೆನಪಿಲ್ಲ.

ಮೇಡಂಗೆ ಏನೂ ಆಗಿರಲಿಲ್ಲ. ಯಜಮಾನರು ತಾನೂ ಇಳಿಯುತ್ತೇನೆ ಅಂದರಂತೆ. "ನೀವು ಹೋಗಿ ಬನ್ನಿ, ನೀವೇನು ನೀರಿಗಿಳಿದಿಲ್ಲವಲ್ಲ" ಅಂತ ಅವರನ್ನು ಮೇಲೆ ಕಳಿಸಿ ತಾವು ಆ ಹುಡುಗನ ಜೊತೆ ಕೆಳಗಿಳಿದು ಬಂದರು. ರೆಸಾರ್ಟಿಗೆ ಬಂದವರೇ ನೇರ ನನ್ನ ಡೆಸ್ಕಿಗೆ ಬಂದರು. ಚಾರಣ ತಪ್ಪಿಸಿದ್ದಕ್ಕೆ ಕೋಪ ಇರುತ್ತದೆ ಅಂದುಕೊಂಡು, ಪರಿಹಾರವಾಗಿ ಏನಾದರೂ ಉಚಿತವಾಗಿ ಕೊಡುವ ಕಾಂಪ್ ಫಾರ್ಮ್ ಸಿದ್ಧ ಮಾಡಿಟ್ಟುಕೊಂಡಿದ್ದೆ. ಕೋಪ ಇತ್ತು ನಿಜ. ಆದರೆ ಅದಕ್ಕಲ್ಲ.

"ವಿಮಾನ ಹತ್ತಬಾರದು ಅಂತ ಗೊತ್ತಿತ್ತಪ್ಪ, ಗುಡ್ಡದ ಬಗ್ಗೆ ಹೊಳೆಯಲೇ ಇಲ್ಲ. ನಿಲ್ಲಿಸಿದ್ದು ಒಳ್ಳೇದೇ ಆಯ್ತು. ಆದರೆ ನೀವು ಮೊದಲನೇ ದಿನ ಎಲ್ಲಾ ಅವರನ್ನೇ ಕೇಳಿದ್ರಿ. ನಾನು ಪಕ್ಕದಲ್ಲೇ ಕೂತಿದ್ದೆ. ನಿಮಗೇನು ಇಷ್ಟಮ್ಮಾ ಅಂತ ನನ್ನನ್ನ ಒಂದು ಮಾತು ಕೇಳಬಹುದಿತ್ತು, ಅಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಷಮಿಸಿ ಮೇಡಂ ಅಂದೆ. ಅವರು ಕೂತು ಹೇಳಿದರು. ಮಕ್ಕಳು ಕಾಲೇಜಿಗೆ ಹೋದ ಮೇಲೆ ಈಜು ಕಲಿತು, ಐವತ್ತು ದಾಟಿದ ಮೇಲೆ ಡೈವ್ ಸರ್ಟಿಫಿಕೇಟ್ ತಗೊಂಡವರು. ಈ ದ್ವೀಪ ಆರಿಸಿದ್ದೇ ಅವರು, ಇಲ್ಲಿನ ಹವಳಕ್ಕಾಗಿ. ನಾನು ತೋಟ ತೋರಿಸಿ ಕಳಿಸಿದಾಗ, ತಾವೇ ಬೀಚಿಗೆ ಹೋಗಿ ಡೈವ್ ಶಾಪಿನಲ್ಲಿ ಹೆಸರು ಬರೆಸಿಕೊಂಡಿದ್ದರು.

ಆ ಹೆಸರು ನನ್ನ ಸ್ಕ್ರೀನಿಗೆ ಯಾಕೆ ಬರಲಿಲ್ಲ? ನಮ್ಮ ಬುಕಿಂಗ್ ಸಿಸ್ಟಮ್ ಬೇರೆ, ಡೈವ್ ಶಾಪಿನದು ಬೇರೆ. ಅಲ್ಲಿ ವಾಕ್-ಇನ್ ಆದರೆ ಗೋಡೆಯ ಬಿಳಿ ಬೋರ್ಡಿನ ಮೇಲೆ ಮಾರ್ಕರ್‌ನಲ್ಲಿ ಬರೆಯುತ್ತಾರೆ, ಬಿಲ್ ಮಾತ್ರ ರಾತ್ರಿ ರೂಮಿಗೆ ಪೋಸ್ಟ್ ಆಗುತ್ತದೆ. ದುಡ್ಡು ಒಂದಾಗುತ್ತದೆ, ಮಾಹಿತಿ ಒಂದಾಗಲ್ಲ. ಒಬ್ಬ ಗೆಸ್ಟ್‌ಗೆ ಎಷ್ಟು ಆಕ್ಟಿವಿಟಿ ಮಾರಿದೆವು ಅನ್ನುವ ಟಾರ್ಗೆಟ್ ಪ್ರತಿ ಸೋಮವಾರ ಬ್ರೀಫಿಂಗ್‌ನಲ್ಲಿ ಓದುತ್ತಾರೆ. ಯಾವ ಎರಡು ಆಕ್ಟಿವಿಟಿ ಒಂದರ ಹಿಂದೆ ಒಂದು ಬರಬಾರದು ಅನ್ನುವುದನ್ನು ಸಿಸ್ಟಮ್‌ಗೆ ಹಾಕಿ ಅಂತ ಬರೆದುಕೊಟ್ಟಿದ್ದೇನೆ. ಮುಂದಿನ ಬಜೆಟ್‌ನಲ್ಲಿ ನೋಡೋಣ ಅಂದಿದ್ದಾರೆ. ಅಲ್ಲಿಯವರೆಗೆ ಪ್ರತಿ ಸಂಜೆ ಡೈವ್ ಶಾಪಿಗೆ ನಡೆದುಹೋಗಿ ಬೋರ್ಡಿನ ಫೋಟೊ ತೆಗೆದುಕೊಂಡು ಬರುತ್ತೇನೆ.

ಮೇಡಂ ಶುಕ್ರವಾರ ಬೆಳಗ್ಗೆ ಗ್ರೋ ಪಿಟಾನ್ ಹತ್ತಿದರು. ಗುರುವಾರ ಪೂರ್ತಿ ನೀರಿಗಿಳಿಯಲಿಲ್ಲ. ಸಲ್ಫರ್ ಸ್ಪ್ರಿಂಗ್ಸ್ ಬಿಸಿನೀರೂ ಆ ದಿನ ಬೇಡ ಅಂತ ಇನ್‌ಸ್ಟ್ರಕ್ಟರ್ ಹೇಳಿದ, ಹಾಗಾಗಿ ಸೂಫ್ರಿಯೇರ್ ಊರಿನ ಬೀದಿಗಳಲ್ಲಿ ಓಡಾಡಿ ಬಂದರು. ಗುಡ್ಡಕ್ಕೆ ಈ ಸಲ ಅದೇ ಓಡಿದ ಹುಡುಗನನ್ನೇ ಗೈಡ್ ಆಗಿ ಕೇಳಿದರು.

ಈ ಕಡೆ ಬರುವ ಯೋಚನೆ ಇದ್ದವರಿಗೆ ಈಗ ನಾನು ಹೇಳುವ ಕ್ರಮ ಹೀಗಿದೆ. ಡೈವ್ ಮಾಡುವುದಿದ್ದರೆ ಬಂದ ಮೊದಲ ದಿನಗಳಲ್ಲೇ ಮಾಡಿ. ಆಮೇಲೆ ಒಂದು ದಿನ ತೋಟಕ್ಕೆ, ಕೋಕೋಗೆ ಬಿಡಿ. ಗುಡ್ಡ ಅದರ ನಂತರ, ಬೆಳಗ್ಗೆ ಬೇಗ, ಬಿಸಿಲು ಏರುವ ಮುಂಚೆ. ಗುಡ್ಡ ಇಳಿದು ಕಾಲು ಹಿಡಿದುಕೊಂಡವರಿಗೆ ಕೆಸರು ಸ್ನಾನದಷ್ಟು ಹಿತ ಬೇರೆ ಇಲ್ಲ. ಶುಕ್ರವಾರ ಸಂಜೆ ಸಿಕ್ಕರೆ ಆನ್ಸ್ ಲಾ ರೇಯಲ್ಲಿ ಬೀದಿಯಲ್ಲೇ ಮೀನು ಸುಡುತ್ತಾರೆ, ಕರಾವಳಿಯವರು ತಪ್ಪಿಸಿಕೊಳ್ಳಬೇಡಿ. ಕ್ರಿಕೆಟ್ ಹುಚ್ಚಿದ್ದರೆ ಉತ್ತರದ ಗ್ರೋ ಇಲೆಯಲ್ಲಿರುವ ಡ್ಯಾರೆನ್ ಸ್ಯಾಮಿ ಸ್ಟೇಡಿಯಂ ನೋಡಿ. 2024ರ ಟಿ20 ವಿಶ್ವಕಪ್‌ನಲ್ಲಿ ರೋಹಿತ್ ಶರ್ಮಾ ಆಸ್ಟ್ರೇಲಿಯಾ ಮೇಲೆ 92 ಹೊಡೆದದ್ದು ಅಲ್ಲೇ. ಹತ್ತಿರದಲ್ಲೇ ಪಿಜನ್ ಐಲೆಂಡ್ ಕೋಟೆಯೂ ಇದೆ. ಆದರೆ ಇದನ್ನು ಹೊರಡುವ ದಿನಕ್ಕೆ ಇಟ್ಟುಕೊಳ್ಳಬೇಡಿ. ದೊಡ್ಡ ವಿಮಾನ ನಿಲ್ಲುವ ಹೆವನೋರಾ ವಿಮಾನ ನಿಲ್ದಾಣ ದ್ವೀಪದ ದಕ್ಷಿಣ ತುದಿಯಲ್ಲಿದೆ, ನಡುವಿನ ರಸ್ತೆ ಪೂರ್ತಿ ತಿರುವು. ಇನ್ನೊಂದು ವಿಷಯ, ಮಿಲಿಟರಿ ಬಟ್ಟೆಯ ಹಾಗೆ ಚುಕ್ಕೆ ಪಟ್ಟೆ ಇರುವ ಪ್ಯಾಂಟು, ಟೋಪಿ ತರಬೇಡಿ. ಸಾಮಾನ್ಯ ಜನ ಅದನ್ನು ಹಾಕುವುದು ಇಲ್ಲಿ ಕಾನೂನಿಗೆ ವಿರುದ್ಧ.

ಡೆಸ್ಕಿಗೆ ಬಂದಾಗ ಮನೆಯವರೆಲ್ಲ ಕೂತು ಮಾತಾಡಿ. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೇಳಿಯೇ ನಾನು ಈಗ ಐಟಿನರಿ ಬರೆಯುವುದು.