24 ವಾರದ ಪ್ರಾಜೆಕ್ಟಿನಲ್ಲಿ ಕೈಗೆ ಸಿಗುವುದು 12

ಬಯೋಮೆಡಿಕಲ್ ಸೈನ್ಸ್‌ನಲ್ಲಿ ಎಂಎಸ್ಸಿ ಮಾಡಲು ಹೊರಟವರು ಮೊದಲು ತೆಗೆದು ನೋಡುವುದು ಸಿಲಬಸ್. ಇಮ್ಯುನಾಲಜಿ ಇದೆಯಾ, ಜೆನೆಟಿಕ್ಸ್‌ಗೆ ಎಷ್ಟು ಕ್ರೆಡಿಟ್, ಕ್ಯಾನ್ಸರ್ ಬಯಾಲಜಿ ಕಡ್ಡಾಯವಾ ಐಚ್ಛಿಕವಾ. ನೋಡಲಿ, ತಪ್ಪೇನಿಲ್ಲ. ಆದರೆ ಈ ಪೇಪರುಗಳು ಎಲ್ಲಿ ಓದಿದರೂ ಹೆಚ್ಚುಕಡಿಮೆ ಅವೇ. ಒಂದು ಕೋರ್ಸಿಗೂ ಇನ್ನೊಂದಕ್ಕೂ ಅಸಲಿ ವ್ಯತ್ಯಾಸ ಇರುವುದು ಕೊನೆಯ ಪ್ರಾಜೆಕ್ಟಿನಲ್ಲಿ: ಅದು ಎಷ್ಟು ತಿಂಗಳು, ಯಾವ ಲ್ಯಾಬಿನಲ್ಲಿ, ಯಾರ ಕೈಕೆಳಗೆ. ಮುಂದೆ ಪಿಎಚ್‌ಡಿಗೋ ಕೆಲಸಕ್ಕೋ ಸಂದರ್ಶನಕ್ಕೆ ಕೂತಾಗ ಎದುರಿಗಿರುವವರು ಇಮ್ಯುನಾಲಜಿಯಲ್ಲಿ ಎಷ್ಟು ಅಂಕ ಬಂತು ಎನ್ನುವುದಕ್ಕಿಂತ ಹೆಚ್ಚಾಗಿ ಕೆದಕುವುದು ಕೈಯಾರೆ ಏನು ಮಾಡಿದ್ದೀರಿ ಎಂಬುದನ್ನು.

ಸೇರುವ ಮೊದಲೇ ಒಂದು ವಿಷಯ ಖಚಿತ ಮಾಡಿಕೊಳ್ಳಿ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಉದ್ದೇಶವಿದ್ದರೆ, ಕೆಲವು ದೇಶಗಳಲ್ಲಿ ಪದವಿಯೊಂದೇ ಸಾಲದು, ವೃತ್ತಿ ನೋಂದಣಿಯೂ ಬೇಕು. ಅದಕ್ಕೆ ಮಾನ್ಯತೆ ಪಡೆದ ಕೋರ್ಸನ್ನೇ ಓದಿರಬೇಕು. ಸಂಶೋಧನೆಯ ಕಡೆ ಹೋಗುವವರಿಗೆ ಈ ಚಿಂತೆ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಆರು ತಿಂಗಳ ಪ್ರಾಜೆಕ್ಟ್ ಎಂದರೆ ಹೆಚ್ಚುಕಡಿಮೆ 24 ವಾರ. ಸುರಕ್ಷತಾ ತರಬೇತಿ, ಲ್ಯಾಬಿನ ಪರಿಚಯ, ಕೈ ಕುದುರುವುದು ಇವಕ್ಕೆ 3 ವಾರ ಹೋಯಿತು ಎನ್ನಿ. ಬೇಕಾದ ಸಾಮಾನು ಆರ್ಡರ್ ಮಾಡಿ ಅದು ಬಂದು ಸೇರುವುದಕ್ಕೆ 2. ಥೀಸಿಸ್ ಬರೆಯಲು 5, ಅದೂ ಬಿಗಿಯಾಗಿ. ರಜೆ, ಜ್ವರ, ಕೆಟ್ಟು ನಿಂತ ಯಂತ್ರ ಇವೆಲ್ಲ ಸೇರಿ 2. ಬೆಂಚಿನ ಮುಂದೆ ನಿಂತು ಡೇಟಾ ಹುಟ್ಟಿಸಲು ಉಳಿದದ್ದು 12 ವಾರ.

ಈ 12 ವಾರದಲ್ಲಿ ಎಷ್ಟು ಹಿಡಿಸುತ್ತದೆ? ಒಂದು ಸಾಮಾನ್ಯ ಪ್ರಯೋಗವನ್ನೇ ತೆಗೆದುಕೊಳ್ಳಿ: ಸಣ್ಣ ಆರ್‌ಎನ್‌ಎ ಬಳಸಿ ಜೀವಕೋಶದಲ್ಲಿ ಒಂದು ಪ್ರೋಟೀನನ್ನು ತಗ್ಗಿಸುವುದು, ತಗ್ಗಿತೋ ಇಲ್ಲವೋ ಎಂದು ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ನೋಡುವುದು. ಸೋಮವಾರ ಕೋಶಗಳನ್ನು ಪ್ಲೇಟಿಗೆ ಹಾಕುತ್ತೀರಿ. ಮಂಗಳವಾರ ಟ್ರಾನ್ಸ್‌ಫೆಕ್ಷನ್, ಅಂದರೆ ಆ ಆರ್‌ಎನ್‌ಎಯನ್ನು ಕೋಶದೊಳಗೆ ಸೇರಿಸುವುದು. 72 ಗಂಟೆ ಬಿಟ್ಟು ಶುಕ್ರವಾರ ಕೋಶಗಳನ್ನು ಒಡೆದು ಪ್ರೋಟೀನ್ ಅಳೆಯುತ್ತೀರಿ. ಮುಂದಿನ ಸೋಮವಾರ ಜೆಲ್, ರಾತ್ರಿಯಿಡೀ ಆಂಟಿಬಾಡಿ. ಬ್ಯಾಂಡ್ ಕಣ್ಣಿಗೆ ಬೀಳುವುದು ಮಂಗಳವಾರ. ಒಂದು ಸುತ್ತಿಗೆ ಒಂಬತ್ತು ದಿನ. ಫ್ರೀಜ್ ಮಾಡಿಟ್ಟ ಕೋಶಗಳನ್ನು ಕರಗಿಸಿದ ಮೇಲೆ ಒಂದೆರಡು ಪ್ಯಾಸೇಜ್ (ಬೆಳೆದ ಕೋಶಗಳನ್ನು ಹೊಸ ಪಾತ್ರೆಗೆ ಹಂಚುವುದು) ಆಗುವವರೆಗೆ ಅವನ್ನು ಪ್ರಯೋಗಕ್ಕೆ ಬಳಸಬಾರದು, ಅದಕ್ಕೆ ಇನ್ನೊಂದು ವಾರ. ಆಂಟಿಬಾಡಿಯನ್ನು 1:500ಕ್ಕೆ ತೆಳು ಮಾಡಬೇಕೋ 1:5000ಕ್ಕೆ ತೆಳು ಮಾಡಬೇಕೋ ಎಂದು ತಿಳಿಯುವಷ್ಟರಲ್ಲಿ ಎರಡು ಸುತ್ತು ಕೈಬಿಟ್ಟಿರುತ್ತದೆ. ಆಮೇಲೆ ಬೇರೆ ಬೇರೆ ದಿನ ಮಾಡಿದ ಮೂರು ಸ್ವತಂತ್ರ ಪುನರಾವರ್ತನೆ. ವಾರಗಳನ್ನು ಒಂದರ ಮೇಲೊಂದು ಹೊಂದಿಸಿಕೊಂಡು ಜಾಣತನದಿಂದ ಓಡಿಸಿದರೂ ಒಂದು ಪ್ರೋಟೀನ್, ಒಂದು ಪ್ರಶ್ನೆ, ಇಷ್ಟಕ್ಕೇ ಏಳೆಂಟು ವಾರ ಬೇಕು. ಮೂರು ಗುರಿಗಳಿರುವ ಪ್ರಸ್ತಾವನೆ ಬರೆದುಕೊಟ್ಟವರು ಕೊನೆಗೆ ಮೂರನ್ನೂ ಅರ್ಧ ಮಾಡಿ ಕೂರುತ್ತಾರೆ.

ಹಾಗಾಗಿ ಲ್ಯಾಬ್ ಆರಿಸುವಾಗ ಗೈಡ್ ಎಷ್ಟು ಹೆಸರುವಾಸಿ ಎಂಬುದಕ್ಕಿಂತ ಈ ಪ್ರಶ್ನೆಗಳಿಗೆ ಉತ್ತರ ಮುಖ್ಯ. ದಿನನಿತ್ಯ ಪಕ್ಕದಲ್ಲಿ ನಿಂತು ಕಲಿಸುವವರು ಯಾರು? ಗೈಡ್ ಅಂತೂ ಅಲ್ಲ. ಪಿಎಚ್‌ಡಿ ಮುಗಿಸಿ ಸಂಶೋಧನೆ ಮಾಡುತ್ತಿರುವ ಪೋಸ್ಟ್‌ಡಾಕೋ ಹಿರಿಯ ಪಿಎಚ್‌ಡಿ ವಿದ್ಯಾರ್ಥಿಯೋ ಆಗಿರುತ್ತಾರೆ, ಅವರು ನಿಮ್ಮ ಪ್ರಾಜೆಕ್ಟಿನ ನಡುವೆ ಬಿಟ್ಟು ಹೋಗುವವರಾ? ಬೇಕಾದ ಆಂಟಿಬಾಡಿ, ಪ್ರೈಮರ್ (ಡಿಎನ್‌ಎ ನಕಲು ಮಾಡುವ ಪಿಸಿಆರ್‌ಗೆ ಬೇಕಾದ ಸಣ್ಣ ಡಿಎನ್‌ಎ ತುಣುಕು), ಕೋಶ ಈಗಾಗಲೇ ಫ್ರಿಜ್‌ನಲ್ಲಿವೆಯಾ, ಕೆಲಸ ಮಾಡುತ್ತವೆ ಎಂದು ತೋರಿಸುವ ಬ್ಲಾಟ್ ಇದೆಯಾ? ರೋಗಿಗಳ ಮಾದರಿ ಬೇಕಿದ್ದರೆ ನೈತಿಕ ಸಮಿತಿಯ ಅನುಮತಿ ಬಂದಾಗಿದೆಯಾ, ಮಾದರಿಗಳು ಸಂಗ್ರಹವಾಗಿವೆಯಾ, ಇಲ್ಲಾ ನೀವು ಬಂದ ಮೇಲೆ ಶುರುವೋ? “ಅರ್ಜಿ ಹಾಕಿದ್ದೇವೆ, ಬರುತ್ತೆ” ಎಂಬ ಉತ್ತರ ಬಂದರೆ ಬೇರೆ ಪ್ರಾಜೆಕ್ಟ್ ಕೇಳಿ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೂ ಇದೇ ಮಾತು, ಅನುಮತಿಯ ಜೊತೆಗೆ ನಿಮಗೆ ಪ್ರತ್ಯೇಕ ತರಬೇತಿಯೂ ಆಗಬೇಕು. ಹೊಸದಾಗಿ ನಾಕ್‌ಔಟ್ ಕೋಶ (ಒಂದು ಜೀನನ್ನು ಕೆಲಸ ಮಾಡದಂತೆ ಮಾಡಿದ ಕೋಶ) ತಯಾರಿಸುವುದೇ ಪ್ರಾಜೆಕ್ಟ್ ಎಂದರೆ ನಾನಂತೂ ಬೇಡ ಎನ್ನುತ್ತೇನೆ. ಒಂದೊಂದೇ ಕೋಶದಿಂದ ಕ್ಲೋನ್ ಬೆಳೆದು, ಪರೀಕ್ಷೆಯಾಗಿ ಬರುವಷ್ಟರಲ್ಲಿ ನಿಮ್ಮ 12 ವಾರ ಮುಗಿದಿರುತ್ತದೆ. ತಯಾರಾಗಿರುವುದನ್ನು ಬಳಸಿ ಪ್ರಶ್ನೆ ಕೇಳುವ ಪ್ರಾಜೆಕ್ಟೇ ಮೇಲು.

ಇನ್ನು ಬೆಂಚು. ಮೊದಲ ವಾರ ಯಾರೂ ಹೇಳದಿದ್ದರೂ ಮಾಡಬೇಕಾದ ಕೆಲಸ ಪಿಪೆಟ್ ಪರೀಕ್ಷೆ. ಸೂಕ್ಷ್ಮ ತಕ್ಕಡಿಯ ಮೇಲೆ ಸಣ್ಣ ಟ್ಯೂಬ್ ಇಟ್ಟು 100 ಮೈಕ್ರೋಲೀಟರ್ ಶುದ್ಧ ನೀರನ್ನು ಹತ್ತು ಸಲ ಹಾಕಿ, ಪ್ರತಿ ಸಲದ ತೂಕ ಬರೆದುಕೊಳ್ಳಿ. ಪ್ರತಿಯೊಂದೂ 100 ಮಿಲಿಗ್ರಾಂ ಆಸುಪಾಸು ಬರಬೇಕು. ಹತ್ತೂ ಒಂದೇ ಕಡೆಗೆ ವಾಲಿದ್ದರೆ ಬಹುಮಟ್ಟಿಗೆ ಪಿಪೆಟ್ಟಿನ ದೋಷ, ಸರ್ವಿಸ್‌ಗೆ ಕೊಡಿ. ಅತ್ತಿತ್ತ ಚೆಲ್ಲಾಡಿದ್ದರೆ ನಿಮ್ಮ ಕೈಯ ದೋಷ. ದ್ರವ ಎಳೆಯುವಾಗ ಗುಂಡಿಯನ್ನು ಎರಡನೇ ತಡೆಯವರೆಗೆ ಒತ್ತಿದರೆ ಹೆಚ್ಚು ಬರುತ್ತದೆ; ಬೆರಳನ್ನು ಸರಕ್ಕನೆ ಬಿಟ್ಟರೆ ಗಾಳಿ ಸೇರಿ ಕಡಿಮೆ ಬರುತ್ತದೆ. ತುದಿ ದ್ರವದೊಳಗೆ ಎರಡು ಮೂರು ಮಿಲಿಮೀಟರ್ ಇದ್ದರೆ ಸಾಕು, ಆಳಕ್ಕೆ ಅದ್ದಿದರೆ ಹೊರಗೋಡೆಗೆ ಅಂಟಿದ್ದೂ ಲೆಕ್ಕಕ್ಕೆ ಸೇರುತ್ತದೆ. ಎನ್‌ಜೈಮ್‌ಗಳು ಗ್ಲಿಸರಾಲ್‌ನಲ್ಲಿ ಇರುವುದರಿಂದ ಜೇನಿನ ಹಾಗೆ ನಿಧಾನ ಏರುತ್ತವೆ. ಅಲ್ಲಿ ಅವಸರಪಟ್ಟರೆ ಪಿಸಿಆರ್ ಕೈಕೊಡುತ್ತದೆ, ಬೈಗುಳ ಮಾತ್ರ ಪ್ರೈಮರಿಗೆ.

ಎರಡನೆಯದು ಕೋಶ ಎಣಿಕೆ. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಕೋಶಗಳ ದ್ರವವನ್ನೂ ಸತ್ತ ಕೋಶಗಳಿಗೆ ಮಾತ್ರ ಹಿಡಿಯುವ ಟ್ರಿಪಾನ್ ಬ್ಲೂ ಬಣ್ಣವನ್ನೂ ಸಮಸಮ ಬೆರೆಸಿ ಹೀಮೋಸೈಟೋಮೀಟರ್‌ಗೆ (ಚೌಕಗಳ ಗೆರೆ ಕೊರೆದ ಎಣಿಕೆಯ ಗಾಜು) ಹಾಕುತ್ತೀರಿ. ಮೂಲೆಯ ದೊಡ್ಡ ಚೌಕಗಳು ಒಂದೊಂದೂ 1 ಮಿಲಿಮೀಟರ್ ಅಗಲ, 1 ಮಿಲಿಮೀಟರ್ ಉದ್ದ, 0.1 ಮಿಲಿಮೀಟರ್ ಆಳ. ಅಂದರೆ ಒಂದು ಮಿಲಿಲೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. 10,000ದಿಂದ ಗುಣಿಸುವುದು ಇದಕ್ಕೇ. ನಾಲ್ಕು ಮೂಲೆಗಳಲ್ಲಿ 52, 47, 55, 46 ಬಣ್ಣ ಹಿಡಿಯದ ಕೋಶಗಳು ಸಿಕ್ಕವು ಎನ್ನಿ. ಒಟ್ಟು 200, ಸರಾಸರಿ 50. ಬಣ್ಣ ಬೆರೆಸಿ ಅರ್ಧ ತೆಳುವಾದದ್ದಕ್ಕೆ 2ರಿಂದ ಗುಣಿಸಿದರೆ 100, ಅದನ್ನು 10,000ದಿಂದ ಗುಣಿಸಿದರೆ ಮಿಲಿಲೀಟರಿಗೆ 10 ಲಕ್ಷ ಜೀವಂತ ಕೋಶ. ಆರು ಬಾವಿಯ (ಗುಳಿಯ) ಪ್ಲೇಟಿಗೆ ಬಾವಿಗೆ 2 ಮಿಲಿಲೀಟರಿನಲ್ಲಿ 3 ಲಕ್ಷದಂತೆ ಬೇಕಿದ್ದರೆ, ಚೆಲ್ಲಿದ್ದು ಅಂಟಿದ್ದು ಲೆಕ್ಕ ಹಿಡಿದು ಏಳು ಬಾವಿಗೆ ಮಾಡಿಕೊಳ್ಳಿ: 21 ಲಕ್ಷ ಕೋಶ ಎಂದರೆ 2.1 ಮಿಲಿಲೀಟರ್, ಜೊತೆಗೆ 11.9 ಮಿಲಿಲೀಟರ್ ಮೀಡಿಯಂ (ಕೋಶಗಳನ್ನು ಬೆಳೆಸುವ ಪೋಷಕ ದ್ರವ).

ಲೆಕ್ಕ ಸರಿಯಿದ್ದೂ ಫಲಿತಾಂಶ ಕೆಡುವುದು ಬೇರೆ ಕಾರಣಕ್ಕೆ. ಕೋಶಗಳು ಟ್ಯೂಬಿನ ತಳಕ್ಕೆ ಇಳಿಯುತ್ತಲೇ ಇರುತ್ತವೆ. ಬೆರೆಸದೆ ಮೇಲಿನಿಂದ ಎಳೆದರೆ ಎಣಿಕೆ ಕಡಿಮೆ ಬರುತ್ತದೆ, ಪ್ಲೇಟಿಗೆ ವಿಪರೀತ ಬೀಳುತ್ತವೆ. ಚೌಕದ ಗೆರೆಯ ಮೇಲೆ ಕೂತವುಗಳಲ್ಲಿ ಮೇಲಿನ ಮತ್ತು ಎಡಗಡೆಯ ಗೆರೆಯವನ್ನು ಮಾತ್ರ ಎಣಿಸುವುದು ವಾಡಿಕೆ. ಎಲ್ಲವನ್ನೂ ಎಣಿಸಿದರೆ ಪಕ್ಕದ ಚೌಕದವೂ ನಿಮ್ಮ ಲೆಕ್ಕಕ್ಕೆ ಬಂದವು. ಟ್ರಿಪಾನ್ ಬ್ಲೂ ವಿಷ, ಹಾಕಿಟ್ಟು ಕಾಫಿಗೆ ಹೋಗಿ ಬಂದರೆ ಬದುಕಿದ್ದವೂ ನೀಲಿಯಾಗಿರುತ್ತವೆ. ಪ್ಲೇಟಿಗೆ ಹಾಕಿದ ಮೇಲೆ ಗುಂಡಗೆ ತಿರುಗಿಸುವ ಚಟವೊಂದಿದೆ, ಹಾಗೆ ಮಾಡಿದರೆ ಕೋಶಗಳೆಲ್ಲ ಬಾವಿಯ ನಡುವೆ ಗುಡ್ಡೆಯಾಗುತ್ತವೆ. ಹಿಂದೆಮುಂದೆ ಒಮ್ಮೆ, ಎಡಬಲ ಒಮ್ಮೆ ಅಲುಗಿಸಿ ಇನ್‌ಕ್ಯುಬೇಟರಿಗೆ ಇಡಿ.

ಕೋಶ ಕೆಲಸದ ಕಣ್ಣಿಗೆ ಕಾಣದ ಶತ್ರು ಮೈಕೋಪ್ಲಾಸ್ಮಾ. ಬೇರೆ ಬ್ಯಾಕ್ಟೀರಿಯಾ ಬಂದರೆ ಮೀಡಿಯಂ ಕದಡಿ ತಾನೇ ಹೇಳಿಬಿಡುತ್ತದೆ. ಇದು ಬಂದರೆ ಮೀಡಿಯಂ ತಿಳಿಯಾಗೇ ಇರುತ್ತದೆ. ಕೋಶಭಿತ್ತಿಯೇ ಇಲ್ಲದ್ದರಿಂದ ಪೆನಿಸಿಲಿನ್‌ಗೆ ಜಗ್ಗುವುದಿಲ್ಲ, 0.2 ಮೈಕ್ರೋಮೀಟರ್ ಫಿಲ್ಟರಿನಲ್ಲೂ ನುಸುಳಬಲ್ಲದು. ಕೋಶಗಳು ಸಾಯದೆ ಸೊರಗುತ್ತವೆ, ಜೀನ್‌ಗಳ ನಡವಳಿಕೆ ಬದಲಾಗುತ್ತದೆ, ನಿಮ್ಮ ಔಷಧದ ಪರಿಣಾಮ ಎಂದುಕೊಂಡದ್ದು ಅದರ ಪರಿಣಾಮವಾಗಿರಬಹುದು. ಲ್ಯಾಬಿಗೆ ಬಂದ ದಿನವೇ ನಿಮ್ಮ ಕೋಶಗಳನ್ನು ಪಿಸಿಆರ್‌ನಲ್ಲಿ ಪರೀಕ್ಷಿಸಿ, ತಿಂಗಳಿಗೊಮ್ಮೆ ಮತ್ತೆ ಮಾಡಿ. ಪಾಸಿಟಿವ್ ಬಂದರೆ ಉಳಿಸಲು ಒದ್ದಾಡಬೇಡಿ. ಎಸೆದು, ಕ್ಲೀನ್ ವಯಲ್ ಕರಗಿಸಿ. ಕೋಶದ ಗುರುತೂ ಅಷ್ಟೇ ಮುಖ್ಯ. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ರೋಗಿಯ ಕ್ಯಾನ್ಸರ್ ಗೆಡ್ಡೆಯಿಂದ ಬಂದ ಹೀಲಾ ಕೋಶಗಳು ಎಷ್ಟು ಚುರುಕೆಂದರೆ, ಬೇರೆ ಹೆಸರಿನ ಹಲವು ಕೋಶಸಾಲುಗಳೊಳಗೆ ಹೊಕ್ಕು ಅವನ್ನೇ ನುಂಗಿದ್ದವು. 1966ರಲ್ಲಿ ತಳಿವಿಜ್ಞಾನಿ ಸ್ಟ್ಯಾನ್ಲಿ ಗಾರ್ಟ್ಲರ್ ಇದನ್ನು ಬಯಲು ಮಾಡಿದರು. ಇವತ್ತು ಎಸ್‌ಟಿಆರ್ ಎಂಬ ಡಿಎನ್‌ಎ ಪರೀಕ್ಷೆಯಿಂದ ಗುರುತು ಖಚಿತಪಡಿಸಿಕೊಳ್ಳಬಹುದು, ವರದಿ ಇದೆಯಾ ಎಂದು ಕೇಳಲು ಸಂಕೋಚ ಬೇಡ.

ವೆಸ್ಟರ್ನ್ ಬಗ್ಗೆ ಮೂರೇ ಮಾತು. ಪ್ರೋಟೀನ್ ಜೆಲ್‌ನಿಂದ ಪೊರೆಗೆ ಟ್ರಾನ್ಸ್‌ಫರ್ ಆದ ಕೂಡಲೇ ಪಾನ್ಸೋ ಬಣ್ಣ ಹಾಕಿ ನೋಡಿ, ಗುಳ್ಳೆ ಕೂತ ಜಾಗ ಬಿಳಿ ಮಚ್ಚೆಯಾಗಿ ಕಾಣುತ್ತದೆ. ಮಾರನೆಯ ದಿನ ಗೊತ್ತಾಗುವುದಕ್ಕಿಂತ ಆಗಲೇ ಗೊತ್ತಾಗುವುದು ಒಳ್ಳೆಯದು. ಫಾಸ್ಫೇಟ್ ಅಂಟಿದ ಪ್ರೋಟೀನ್ ಹುಡುಕುತ್ತಿದ್ದರೆ ಬ್ಲಾಕಿಂಗ್‌ಗೆ (ಆಂಟಿಬಾಡಿ ಪೊರೆಗೆ ಸುಮ್ಮನೆ ಅಂಟದಂತೆ ಮುಚ್ಚುವುದಕ್ಕೆ) ಹಾಲಿನ ಪುಡಿ ಬೇಡ, 5 ಶೇಕಡಾ ಬಿಎಸ್‌ಎ (ದನದ ರಕ್ತದ ಆಲ್ಬುಮಿನ್) ಬಳಸಿ, ಏಕೆಂದರೆ ಹಾಲಿನ ಕೇಸಿನ್ ಕೂಡ ಫಾಸ್ಫೇಟ್ ಹೊತ್ತ ಪ್ರೋಟೀನೇ. ಎಲ್ಲ ಸಾಲಿಗೂ ಸಮ ಪ್ರೋಟೀನ್ ಬಿದ್ದಿದೆಯಾ ಎಂದು ನೋಡಲು ಲೋಡಿಂಗ್ ಕಂಟ್ರೋಲ್ ಆಗಿ ಬಳಸುವ ಆಕ್ಟಿನ್ ಪ್ರೋಟೀನ್ ಕೋಶದಲ್ಲಿ ಧಾರಾಳವಾಗಿ ಇರುವಂಥದ್ದು. ಪ್ರೋಟೀನ್ ಹೆಚ್ಚು ಹಾಕಿದರೆ ಬ್ಯಾಂಡ್ ಮಿತಿ ಮುಟ್ಟಿ ಎಲ್ಲ ಸಾಲೂ ಸಮನಾಗಿ ಕಾಣುತ್ತವೆ, ನಿಜಕ್ಕೂ ಸಮ ಇರುವುದಿಲ್ಲ. 5, 10, 20, 40 ಮೈಕ್ರೋಗ್ರಾಂ ಒಮ್ಮೆ ಓಡಿಸಿ, ಬ್ಯಾಂಡಿನ ದಪ್ಪ ಎಲ್ಲಿಯವರೆಗೆ ಅನುಪಾತದಲ್ಲಿ ಏರುತ್ತದೆ ನೋಡಿ, ಅದರೊಳಗೆ ಕೆಲಸ ಮಾಡಿ.

ಸಂಖ್ಯಾಶಾಸ್ತ್ರದ ಪೇಪರನ್ನು ಪಾಸಾದರೆ ಸಾಕು ಎಂದುಕೊಂಡು ಓದುವವರೇ ಜಾಸ್ತಿ, ಪ್ರಾಜೆಕ್ಟಿನಲ್ಲಿ ಅದೇ ಕುತ್ತಿಗೆಗೆ ಬರುತ್ತದೆ. ಒಂದೇ ಪ್ಲೇಟಿನ ಮೂರು ಬಾವಿ, ಒಂದೇ ದಿನ, ಒಂದೇ ಕೋಶದ ಬ್ಯಾಚು: ಇದು ಮೂರಲ್ಲ, ಒಂದು. ಮೂರು ಬಾವಿ ನಿಮ್ಮ ಪಿಪೆಟ್ ಎಷ್ಟು ಸ್ಥಿರ ಎಂದು ಹೇಳುತ್ತವೆ, ಜೀವಶಾಸ್ತ್ರದ ಬಗ್ಗೆ ಏನೂ ಹೇಳುವುದಿಲ್ಲ. ಬೇರೆ ಪ್ಯಾಸೇಜ್‌ನ ಕೋಶ ಇಟ್ಟುಕೊಂಡು, ಬೇರೆ ದಿನ, ಮೊದಲಿನಿಂದ ಮಾಡಿದ್ದೇ ಇನ್ನೊಂದು ಎಣಿಕೆ. ರೋಗಿಗಳ ಮಾದರಿಯಾದರೆ ಮೊದಲೇ ಎಷ್ಟು ಬೇಕೆಂದು ಲೆಕ್ಕ ಹಾಕಿ. 5 ಶೇಕಡಾ ಮಟ್ಟದ ಟಿ-ಟೆಸ್ಟ್, 80 ಶೇಕಡಾ ಪವರ್ (ನಿಜವಾಗಿ ಇರುವ ವ್ಯತ್ಯಾಸ ಸಿಗುವ ಸಂಭವ) ಇಟ್ಟುಕೊಂಡರೆ, ಎರಡು ಗುಂಪಿನ ಸರಾಸರಿ ನಡುವಿನ ಅಂತರ ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್‌ನಷ್ಟು (ಅಳತೆಗಳು ಸರಾಸರಿಯ ಸುತ್ತ ಚೆದುರಿರುವ ಪ್ರಮಾಣ) ದೊಡ್ಡದಿದ್ದಾಗ ಗುಂಪಿಗೆ 17 ಮಂದಿ ಸಾಕು. ಅಂತರ ಅದರ ಅರ್ಧವಾದರೆ 64 ಬೇಕು. ಗುಂಪಿಗೆ 10 ಮಾದರಿ ಇಟ್ಟುಕೊಂಡು ಸಣ್ಣ ವ್ಯತ್ಯಾಸ ಹುಡುಕುತ್ತೇನೆಂದರೆ ಅದು ಸಿಗುವ ಸಂಭವವೇ ಕಡಿಮೆ. ಪಿ ಬೆಲೆ (ನಿಜಕ್ಕೂ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ಅಂತರ ಕಾಣುವ ಸಂಭವ) 0.06 ಬಂತು, ಇನ್ನೆರಡು ಮಾದರಿ ಸೇರಿಸಿ ನೋಡೋಣ ಎಂಬ ಆಸೆಯೂ ಬೇಡ, 0.05ರ ಕೆಳಗೆ ಬರುವವರೆಗೆ ಸೇರಿಸುತ್ತಾ ಹೋದರೆ ಆ 0.05ಕ್ಕೆ ಅರ್ಥವೇ ಉಳಿಯುವುದಿಲ್ಲ. ಗ್ರಾಫಿನ ಗೆರೆ ಚಿಕ್ಕದಾಗಿ ಕಾಣಲೆಂದು ಸ್ಟ್ಯಾಂಡರ್ಡ್ ಡೀವಿಯೇಶನ್ ಬದಲು ಸ್ಟ್ಯಾಂಡರ್ಡ್ ಎರರ್ ಹಾಕುವ ಜಾಣತನವನ್ನು ಪರೀಕ್ಷಕರು ದಿನಾ ನೋಡಿರುತ್ತಾರೆ. ಬಿಂದುಗಳನ್ನೇ ತೋರಿಸಿಬಿಡಿ.

ನೋಟ್‌ಬುಕ್ಕಿನಲ್ಲಿ ಎಲ್ಲರೂ ಬಿಡುವುದು ಲಾಟ್ ನಂಬರ್ (ತಯಾರಿಕೆಯ ಬ್ಯಾಚಿನ ಸಂಖ್ಯೆ) ಮತ್ತು ಪ್ಯಾಸೇಜ್ ನಂಬರ್. ಆಂಟಿಬಾಡಿಯ ಹೊಸ ಬಾಟಲಿ ತೆರೆದ ದಿನದಿಂದ ಬ್ಯಾಂಡ್ ಮಸುಕಾದರೆ, ಆ ದಿನ ಯಾವುದೆಂದು ಹುಡುಕಲು ಇದೊಂದೇ ದಾರಿ. ಪ್ರೋಟೋಕಾಲ್‌ನಲ್ಲಿ ಇರುವುದನ್ನು ಮತ್ತೆ ಬರೆಯಬೇಕಿಲ್ಲ, ಅದರಿಂದ ನೀವು ಎಲ್ಲಿ ತಪ್ಪಿ ನಡೆದಿರಿ ಎಂಬುದನ್ನು ಬರೆಯಿರಿ: 30 ನಿಮಿಷದ ಬದಲು 50 ಆಯಿತು, ಸೆಂಟ್ರಿಫ್ಯೂಜ್ ತಣ್ಣಗಿರಲಿಲ್ಲ. ಸುತ್ತುವ ವೇಗವನ್ನು ಆರ್‌ಪಿಎಂನಲ್ಲಿ ಬರೆದರೆ ಬೇರೆ ರೋಟರಿನಲ್ಲಿ ಅದು ಕೆಲಸಕ್ಕೆ ಬಾರದು. 10 ಸೆಂಟಿಮೀಟರ್ ತ್ರಿಜ್ಯದಲ್ಲಿ 3000 ಆರ್‌ಪಿಎಂ ಎಂದರೆ ಗುರುತ್ವದ ಸುಮಾರು 1000 ಪಟ್ಟು, 15 ಸೆಂಟಿಮೀಟರಿನಲ್ಲಿ ಅದೇ ವೇಗ 1500 ಪಟ್ಟು. ಆದ್ದರಿಂದ ಜಿ ಲೆಕ್ಕದಲ್ಲೇ ಬರೆದಿಡಿ.

ಥೀಸಿಸ್‌ನಲ್ಲಿ ವಿಧಾನಗಳ ಅಧ್ಯಾಯವನ್ನು ಪ್ರಯೋಗ ನಡೆಯುವಾಗಲೇ ಮುಗಿಸಿ, ಪೀಠಿಕೆ ಕೊನೆಗಿರಲಿ. ಪ್ರಯೋಗ ನಿರೀಕ್ಷೆಯಂತೆ ಬರಲಿಲ್ಲ ಎಂದು ಅಂಕ ಹೋಗುವುದಿಲ್ಲ; ಹೋಲಿಸಿ ನೋಡಲು ಕಂಟ್ರೋಲ್ ಇಲ್ಲದ್ದಕ್ಕೆ ಹೋಗುತ್ತದೆ.

ವೈವಾದಲ್ಲಿ ಜನ ಎಡವುವುದು ದೊಡ್ಡ ಪ್ರಶ್ನೆಗಳಲ್ಲಿ ಅಲ್ಲ. “ಆರ್‌ಎನ್‌ಎ ಕಾಲಮ್ಮಿಗೆ ಹೇಗೆ ಅಂಟಿತು?” ಎಂದು ಕೇಳಿದರೆ, ಆರ್‌ಎನ್‌ಎ ಬೇರ್ಪಡಿಸುವ ಕಿಟ್ಟನ್ನು 40 ಸಲ ಬಳಸಿದವರೂ ತಡವರಿಸುತ್ತಾರೆ. ಗ್ವಾನಿಡೀನ್ ಲವಣ ಪ್ರೋಟೀನ್‌ಗಳನ್ನು ಬಿಚ್ಚಿ, ಆರ್‌ಎನ್‌ಎ ಸುತ್ತ ಇರುವ ನೀರಿನ ಪದರವನ್ನು ಕದಡುತ್ತದೆ, ಎಥನಾಲ್ ಜೊತೆ ಸೇರಿ ಅದನ್ನು ಸಿಲಿಕಾಗೆ ಅಂಟಿಸುತ್ತದೆ. ಲವಣ ತೆಗೆದು ನೀರು ಹಾಕಿದರೆ ಬಿಟ್ಟು ಬರುತ್ತದೆ. ತೊಳೆಯುವುದರಲ್ಲಿ ಅವಸರ ಮಾಡಿದ್ದರೆ ಉಳಿದ ಗ್ವಾನಿಡೀನ್‌ನಿಂದ 260/230 ಅನುಪಾತ (ಆರ್‌ಎನ್‌ಎ ಶುದ್ಧತೆಯ ಅಳತೆ) ಬಿದ್ದಿರುತ್ತದೆ, ನಿಮ್ಮದೇ ಅನುಬಂಧದ ಕೋಷ್ಟಕದಲ್ಲಿ ಅಂಥ ಮಾದರಿ ಇದ್ದರೆ ಮುಂದಿನ ಪ್ರಶ್ನೆ ಅದರ ಮೇಲೆಯೇ ಬರುತ್ತದೆ. ಕಿಟ್ಟಿನ ಕೈಪಿಡಿಯನ್ನು ಹಿಂದಿನ ರಾತ್ರಿ ಇನ್ನೊಮ್ಮೆ ಓದಿಕೊಂಡು ಹೋಗಿ.