ಗುಡ್ಡವನ್ನು ಮೊದಲು ತೋರಿಸಿ, ಮಗುವನ್ನು ಆಮೇಲೆ

ಪುತ್ತೂರು ಕಡೆಯ ಕಾಲೇಜೊಂದರ ಸಭಾಂಗಣದಲ್ಲಿ ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ದುರಂತದ ಬಗ್ಗೆ ಒಂದು ದಿನದ ಛಾಯಾಚಿತ್ರ ಪ್ರದರ್ಶನ, ಮಧ್ಯಾಹ್ನ ಬೀದಿನಾಟಕ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಸಿದೆವು. ಹತ್ತಕ್ಕೆ ಜನ ಬರುತ್ತಾರೆ. ಆ ಮೂರು ಗಂಟೆಯಲ್ಲಿ ತೀರ್ಮಾನವಾಗಬೇಕಿದ್ದ ಮುಖ್ಯ ಸಂಗತಿ ಒಂದೇ: ಬಾಗಿಲ ಎದುರಿನ ಗೋಡೆಗೆ ಯಾವ ಚಿತ್ರ?

ಸಾಮಾನ್ಯವಾಗಿ ಅಲ್ಲಿಗೆ ಬರುವುದು ಕಾಯಿಲೆಯ ಮಗುವಿನ ಮುಖ. ನೋಡಿದವರು ‘ಅಯ್ಯೋ ಪಾಪ’ ಎಂದು ಮುಂದೆ ಹೋಗುತ್ತಾರೆ. ಕಾರಣ ಕಾಣದ ಕಡೆ ಕರುಣೆ ಬೇಗ ವಿಧಿಯ ಮಾತಾಗಿಬಿಡುತ್ತದೆ. ಕಾಸರಗೋಡಿನ ಎಣ್ಮಕಜೆಯ ಪಡ್ರೆಯಲ್ಲೇ ಎಷ್ಟೋ ಮನೆಯವರು ಇದನ್ನು ದೈವದ ಮುನಿಸು ಎಂದು ವರ್ಷಗಟ್ಟಲೆ ನಂಬಿದ್ದರು. ಅಲ್ಲಿನ ವೈದ್ಯ ವೈ.ಎಸ್. ಮೋಹನ ಕುಮಾರ್ ರೋಗಿಗಳ ವಿವರ ಬರೆದಿಟ್ಟು, ಪತ್ರಕರ್ತ ಶ್ರೀಪಡ್ರೆಯವರು ಬರೆದು ಬರೆದು, ಗುಡ್ಡದ ಮೇಲಿನ ಗೇರು ತೋಟದ ಕಡೆ ಬೆರಳು ತೋರಿಸಬೇಕಾಯಿತು. ಹಾಗಾಗಿ ಎದುರು ಗೋಡೆಗೆ ಗುಡ್ಡವನ್ನೇ ಹಾಕಿದೆವು: ಮೇಲೆ ಗೇರು, ಇಳಿಜಾರಿನಲ್ಲಿ ಅಡಿಕೆ, ಕೆಳಗೆ ಮನೆ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ಬಾಯಿ. ಅಡಿಬರಹದಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಗೇರಿಗೆ ಬೀಳುವ ಟೀ ಸೊಳ್ಳೆ ಕೀಟದ ನೆಪದಲ್ಲಿ ವರ್ಷಕ್ಕೆ ಎರಡು ಮೂರು ಬಾರಿ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಸಂಗತಿ.

ಗುಡ್ಡದ ಚಿತ್ರದ ಕೆಳಗೇ ಅದೇ ಗುಡ್ಡದ ಮಾದರಿ. ನಾಲ್ಕಡಿ ಉದ್ದ, ಮೂರಡಿ ಅಗಲದ ಮರದ ತಟ್ಟೆ, ಒಂದು ಬದಿ ಎತ್ತರಿಸಿ ಇಳಿಜಾರು. ಮುರಮಣ್ಣನ್ನು ಹಿಂದಿನ ರಾತ್ರಿಯೇ ನೀರು ಚಿಮುಕಿಸಿ ಒತ್ತಿಡಬೇಕು. ಒಣಮಣ್ಣಾದರೆ ಸುರಿದ ನೀರನ್ನೆಲ್ಲ ಹೀರಿಕೊಂಡು ಏನೂ ಹರಿಯುವುದಿಲ್ಲ. ಇಳಿಜಾರಿಗೆ ಮುಕ್ಕಾಲಂಗುಲದ ಪಿವಿಸಿ ಪೈಪಿನ ತುಂಡು ಸಿಕ್ಕಿಸಿದರೆ ಸುರಂಗವಾಯಿತು. ಅದರ ಬಾಯಡಿ ಒಂದು ಸ್ಟೀಲ್ ಬಟ್ಟಲು, ಪಕ್ಕದಲ್ಲಿ ಮುಚ್ಚಿದ ಬಾವಿಯ ಬದಲಿಗೆ ತೆಂಗಿನ ಗರಿಯ ತುಂಡು ಮುಚ್ಚಿದ ಇನ್ನೊಂದು ಬಟ್ಟಲು. ಕೀಟನಾಶಕದ ಬದಲಿಗೆ ನುಣ್ಣಗಿನ ಕೆಂಪು ರಂಗೋಲಿ ಪುಡಿಯನ್ನು ಟೀ ಸೋಸುವ ಜಾಲರಿಯಲ್ಲಿ ಮೇಲಿನಿಂದ ಉದುರಿಸುವಾಗ ಟೇಬಲ್ ಫ್ಯಾನ್ ಅತಿ ಕಡಿಮೆ ವೇಗದಲ್ಲಿರಲಿ. ಜಾಲರಿ ಅಂಗೈಯಗಲ ಎತ್ತರದಲ್ಲಿದ್ದಾಗ ಪುಡಿ ಬಹುಪಾಲು ತೋಟದ ಮೇಲೆ ಬೀಳುತ್ತದೆ, ಒಂದಡಿ ಮೇಲೇರಿಸಿದರೆ ಅಡಿಕೆ ತೋಟ ದಾಟಿ ಮನೆಯ ಮಾಡಿಗೆ. ಏರಿಳಿತದ ಗುಡ್ಡದಲ್ಲಿ ಹೆಲಿಕಾಪ್ಟರ್ ಮರದ ತುದಿಗೆ ಎರಡು ಮೂರು ಮೀಟರ್ ಹತ್ತಿರದಲ್ಲೇ ಹಾರಲು ಯಾಕೆ ಸಾಧ್ಯವಿರಲಿಲ್ಲ ಎಂಬುದನ್ನು ಬಾಯಲ್ಲಿ ವಿವರಿಸುವ ಅಗತ್ಯವೇ ಉಳಿಯುವುದಿಲ್ಲ.

ಆಮೇಲೆ ರೋಸ್ ಕ್ಯಾನಿನಿಂದ ಒಂದೂವರೆ ಲೀಟರ್ ನೀರು, ನಿಧಾನಕ್ಕೆ. ಎಂಡೋಸಲ್ಫಾನ್ ನೀರಿನಲ್ಲಿ ಅಷ್ಟಾಗಿ ಕರಗದು, ಮಣ್ಣಿನ ಕಣಕ್ಕೆ ಅಂಟಿ ಕೂರುತ್ತದೆ, ಮಳೆಗಾಲದಲ್ಲಿ ಆ ಮಣ್ಣಿನ ಜೊತೆ ಇಳಿಯುತ್ತದೆ. ಮಾದರಿಯಲ್ಲೂ ಪೈಪಿನೊಳಗಿನಿಂದ ಬರುವ ನೀರು ಹೆಚ್ಚು ಕೆಂಪಾಗುವುದಿಲ್ಲ, ಕೆಂಪು ಹರಿದು ಬಟ್ಟಲಿಗೆ ಬೀಳುವುದು ಮೇಲ್ಮೈಯಿಂದ. ಗರಿ ಮುಚ್ಚಿದ ಬಟ್ಟಲೂ ಉಳಿಯದು, ಗರಿಯ ಮೇಲೆ ಕೂತ ಪುಡಿ ಸಂದಿಯಿಂದ ಒಳಗಿಳಿಯುತ್ತದೆ. ‘ಬಾವಿ ಮುಚ್ಚಿಕೊಳ್ಳಿ’ ಎಂದು ಆಗ ಜನರಿಗೆ ಹೇಳುತ್ತಿದ್ದ ಎಚ್ಚರಿಕೆಯ ಬೆಲೆ ಇಷ್ಟೇ ಎಂದು ನೋಡುವವರೇ ಹೇಳಿದರು. ಒಂದು ಪ್ರಯೋಗ ಮುಗಿದ ಮೇಲೆ ಮೇಲಿನ ಅರ್ಧ ಅಂಗುಲ ಮಣ್ಣು ಕೆರೆದು ಹೊಸದು ಹಾಕಲು ಕಾಲು ಗಂಟೆ ಬೇಕು. ಅದಕ್ಕೇ ಅರ್ಧ ಗಂಟೆಗೊಂದು ಪ್ರಯೋಗ ಸಾಕು.

ಚಿತ್ರಗಳ ವಿಚಾರ. 16x24 ಅಂಗುಲದ ಮ್ಯಾಟ್ ಮುದ್ರಣ, 5 ಮಿ.ಮೀ. ಸನ್‌ಬೋರ್ಡಿಗೆ ಅಂಟಿಸಿದ್ದು. ಹೊಳಪಿನ ಕಾಗದಕ್ಕೆ ಕಿಟಕಿಯ ಬೆಳಕು ಬಡಿದರೆ ಅರ್ಧ ಚಿತ್ರ ಮಾಯ. ಕರಾವಳಿಯ ತೇವಕ್ಕೆ ಎರಡು ಬದಿಯ ಟೇಪು ಮಧ್ಯಾಹ್ನದೊಳಗೆ ಬಿಡುತ್ತದೆ, ಹಗ್ಗ ಕಟ್ಟಿ ಬೈಂಡರ್ ಕ್ಲಿಪ್ಪಿನಲ್ಲಿ ತೂಗುಬಿಡುವುದೇ ವಾಸಿ. ಚಿತ್ರದ ನಡುಭಾಗ ನೆಲದಿಂದ ಐದಡಿಗೆ ಸ್ವಲ್ಪ ಕೆಳಗಿರಬೇಕು. ಅಡಿಬರಹ ನಲವತ್ತು ಪದ ಮೀರದಿರಲಿ, ಅಕ್ಷರ 24 ಪಾಯಿಂಟ್.

ಅಡಿಬರಹದಲ್ಲೇ ಹೆಚ್ಚು ಅನಾಹುತ ಆಗುವುದು. ‘ಎಂಡೋಸಲ್ಫಾನಿನಿಂದ ಹೀಗಾದ ಮಗು’ ಎಂದು ಬರೆಯಬಾರದು. ಒಬ್ಬ ಮಗುವಿಗೆ ಬಂದ ಕಾಯಿಲೆಗೆ ಇದೇ ಕಾರಣವೆಂದು ಒಂಟಿ ಚಿತ್ರ ಸಾಬೀತು ಮಾಡಲಾರದು. ಸಭೆಯಲ್ಲಿ ಯಾರೋ ಒಬ್ಬರು ಅದನ್ನೇ ಹಿಡಿದು ಪ್ರಶ್ನಿಸಿದರೆ ಪ್ರದರ್ಶನವಿಡೀ ಸುಳ್ಳಿನಂತೆ ಕಾಣುತ್ತದೆ. ತೋಟದಿಂದ ಮನೆಗೆ ಎಷ್ಟು ದೂರ, ಹುಟ್ಟಿದ ವರ್ಷ ಯಾವುದು, ಆಗ ಸಿಂಪಡಣೆ ನಡೆಯುತ್ತಿತ್ತೇ, ನೀರು ಎಲ್ಲಿಂದ ಬರುತ್ತಿತ್ತು ಎಂಬಷ್ಟನ್ನು ಬರೆದರೆ ಸಾಕು. ಅಕ್ಕಪಕ್ಕದ ಎಂಟು ಹತ್ತು ಮನೆಗಳ ಅಡಿಬರಹ ಒಟ್ಟಿಗೆ ಓದಿದಾಗ ಆಗುವ ಅರಿವೇ ಬೇರೆ.

ಒಪ್ಪಿಗೆ ಎರಡು ಸಲ ಕೇಳಬೇಕು: ಕ್ಯಾಮೆರಾ ತೆಗೆಯುವ ಮೊದಲು ಒಮ್ಮೆ, ಮುದ್ರಿಸಿದ ಚಿತ್ರ ಕೈಗಿಟ್ಟು ಇನ್ನೊಮ್ಮೆ. ತುಳುವಿನಲ್ಲೋ ಮಲಯಾಳದಲ್ಲೋ, ಆ ಮನೆಯ ಮಾತಿನಲ್ಲೇ. ಎರಡನೆಯ ಸಲ ‘ಬೇಡ’ ಎನ್ನುವವರು ಇರುತ್ತಾರೆ, ಚಿತ್ರ ಎಷ್ಟೇ ಚೆನ್ನಾಗಿದ್ದರೂ ಆಚೆ ಇಡುವುದು. ಮಲಗಿದವರನ್ನು ಮೇಲಿನಿಂದ ತೆಗೆಯುವುದಕ್ಕಿಂತ ನೆಲದಲ್ಲಿ ಕೂತು ಕಣ್ಣಿನ ಮಟ್ಟದಲ್ಲಿ ತೆಗೆಯುವುದೇ ಸರಿ. ಅಂದು ಜನ ಹೆಚ್ಚು ಹೊತ್ತು ನಿಂತದ್ದು ಮುಖವಿಲ್ಲದ ಒಂದು ಚಿತ್ರದೆದುರು: ಮೂವತ್ತರ ಆಸುಪಾಸಿನ ಮಗನಿಗೆ ಅಮ್ಮ ಗಂಜಿ ಉಣಿಸುತ್ತಿರುವ ಕೈ, ಮಣಿಕಟ್ಟಿಗೆ ಸುತ್ತಿದ ನೋವಿನ ಪಟ್ಟಿ. ಎತ್ತಿ ಇಳಿಸುವವರ ವಯಸ್ಸೂ ಆಗುತ್ತಿದೆ ಎಂಬುದು ಯಾವ ಭಾಷಣಕ್ಕಿಂತ ಚೆನ್ನಾಗಿ ಅಲ್ಲಿ ತಿಳಿಯುತ್ತಿತ್ತು.

ನಾಟಕ ತುಳುವಿನಲ್ಲಿ, ಇಪ್ಪತ್ತು ನಿಮಿಷ. ಬಿಸಿಲಿಗೆ ಅದಕ್ಕಿಂತ ಹೆಚ್ಚು ಜನ ನಿಲ್ಲರು. ಹೆಲಿಕಾಪ್ಟರಿನ ಸದ್ದಿಗೆ ಧ್ವನಿಮುದ್ರಣ ಬೇಡ, ಚೆಂಡೆ ಇದೆ. ದೂರದಿಂದ ಬಾರಿಸುತ್ತ ವೃತ್ತದೊಳಗೆ ಬಂದಾಗ ಹಿರಿಯರು ತಾವಾಗಿ ತಲೆಯೆತ್ತಿ ನೋಡಿದರು. ಕಾಯಿಲೆಯವರನ್ನು ಅನುಕರಿಸಿ ನಟಿಸಲೇಬಾರದು. ಕೈಕಾಲು ತಿರುಚಿ ತೋರಿಸಿದರೆ ಮಕ್ಕಳು ನಗುತ್ತಾರೆ, ಪ್ರೇಕ್ಷಕರಲ್ಲಿ ಸಂತ್ರಸ್ತರ ಮನೆಯವರೇ ಇದ್ದರೆ ಅದು ಅವರಿಗೆ ಮಾಡುವ ಅವಮಾನ.

ಪತ್ರಿಕೆಗೆ ಕಳಿಸುವ ಚಿತ್ರ 300 ಡಿಪಿಐ ಇರಲಿ. ವಾಟ್ಸಾಪಿಗೆ ಹೋಗುವ ಚಿತ್ರದಲ್ಲಿ ಅಡಿಬರಹವನ್ನು ಕೆಳಪಟ್ಟಿಯಾಗಿ ಚಿತ್ರಕ್ಕೇ ಸೇರಿಸಿಬಿಡಿ, ಇಲ್ಲವಾದರೆ ಎರಡನೇ ಗುಂಪು ತಲುಪುವಷ್ಟರಲ್ಲಿ ಅದು ಬೇರೆ ಯಾವುದೋ ಊರಿನ ಕಥೆಯಾಗಿರುತ್ತದೆ.

ಕೊನೆಯ ಗೋಡೆಯಲ್ಲಿ ಕಾಲಾನುಕ್ರಮ: 2011ರಲ್ಲಿ ಬೇಗ ನಾಶವಾಗದ ವಿಷ ರಾಸಾಯನಿಕಗಳನ್ನು ತಡೆಯುವ ಜಾಗತಿಕ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರ್ಪಡೆ, ಅದೇ ವರ್ಷ ಮೇ 13ರಂದು ದೇಶದಲ್ಲಿ ಅದರ ಬಳಕೆಗೆ ಸುಪ್ರೀಂ ಕೋರ್ಟಿನ ತಡೆ, 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂಬ ಆದೇಶ. ನಿಷೇಧದೊಂದಿಗೆ ಕಥೆ ಮುಗಿಯಿತೆಂದು ತಿಳಿಯುವವರು ಬಹಳ. ಆದ್ದರಿಂದ ಆ ಗೋಡೆಯ ಕೆಳಗೇ ಮೇಜು ಹಾಕಿ, ಕೊಕ್ಕಡದಲ್ಲಿರುವ ಸಂತ್ರಸ್ತರ ಪಾಲನಾ ಕೇಂದ್ರವನ್ನು ಬಲ್ಲ ಕಾರ್ಯಕರ್ತೆಯೊಬ್ಬರನ್ನು ಕೂರಿಸಿದ್ದೆವು. ಮಾಸಾಶನದ ಅರ್ಜಿಗೆ ಏನೇನು ದಾಖಲೆ ಬೇಕು, ಅಂಗವೈಕಲ್ಯದ ಪ್ರಮಾಣಪತ್ರ ಎಲ್ಲಿ ಮಾಡಿಸುವುದು, ವಾರದಲ್ಲಿ ಒಂದು ದಿನ ಅಮ್ಮಂದಿರಿಗೆ ಬಿಡುವು ಕೊಡಲು ಯಾರು ಬರಬಲ್ಲಿರಿ ಎಂದು ಕೇಳಿ ಬರೆದುಕೊಳ್ಳುವುದು ಅವರ ಕೆಲಸ. ಹಣದ ಡಬ್ಬಿ ಇಡಲಿಲ್ಲ. ಡಬ್ಬಿ ಕಂಡರೆ ನೂರು ರೂಪಾಯಿ ಹಾಕಿ ಹೊರಟುಬಿಡುವವರೇ ಹೆಚ್ಚು. ಸಂಜೆ ಪಟ್ಟಿಯಲ್ಲಿ ಹೆಸರು ಬರೆಸಿದವರಲ್ಲಿ ಬಹುಪಾಲು ಕಾಲೇಜಿನ ಹುಡುಗಿಯರು, ಇಬ್ಬರು ನಿವೃತ್ತ ದಾದಿಯರು. ಅವರನ್ನು ಮುಂದಿನ ವಾರವೇ ಕರೆಯಬೇಕು, ತಡಮಾಡಿದರೆ ಬರುವವರ ಸಂಖ್ಯೆ ಇಳಿಯುತ್ತದೆ.